ಗೆಂಟ್ ನಗರವನ್ನು ನೋಡುವುದು ಹೇಗೆ?

ಬೆಲ್ಜಿಯಂಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಬ್ರಸೆಲ್ಸ್‌ನಿಂದ ಹೊರಟು ಬ್ರೂಜ್, ಗೆಂಟ್ ಎರಡನ್ನೂ ಒಂದೇ ದಿನದಲ್ಲಿ ತೋರಿಸಿ ತರುವ ಬಸ್ಸು ಹತ್ತುತ್ತಾರೆ. ಗೆಂಟ್‌ನ ಪಾಲಿಗೆ ಎರಡು ಗಂಟೆ ದಕ್ಕಿದರೆ ಹೆಚ್ಚು. ಸೇತುವೆಯ ಮೇಲೊಂದು ಫೋಟೊ, ಒಂದು ಪೊಟ್ಟಣ ಚಾಕೊಲೇಟ್, ಶೌಚಾಲಯದ ಹುಡುಕಾಟ, ಇಷ್ಟರಲ್ಲಿ ಮಾರ್ಗದರ್ಶಿ ಕೊಡೆ ಎತ್ತಿ ಕರೆಯುತ್ತಾನೆ. ಲೂವೆನ್‌ನಲ್ಲಿ ನೆಲೆಸಿರುವ ಕಾರಣಕ್ಕೆ ಊರಿನಿಂದ ಬಂದ ನೆಂಟರನ್ನು ಹಲವು ಬಾರಿ ಗೆಂಟ್‌ಗೆ ಕರೆದೊಯ್ದಿರುವ ನಾನು, ಅವರು ಎಡವಿದ್ದನ್ನೂ ಅವರನ್ನು ನಾನೇ ಎಡವಿಸಿದ್ದನ್ನೂ ನೆನಪಿಟ್ಟುಕೊಂಡು ಈ ಕ್ರಮವನ್ನು ಬರೆಯುತ್ತಿದ್ದೇನೆ.

ದಿನ ಗೊತ್ತುಮಾಡುವುದು

ಬೆಲ್ಜಿಯಂಗೆ ಬೇಕಾದ ಶೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಆ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಗೆಂಟ್‌ಗೆ ಒಂದು ರಾತ್ರಿಯನ್ನು ಮೀಸಲಿಡಿ, ಅದು ಸಾಧ್ಯವಾದರೆ ಗುರುವಾರದ ರಾತ್ರಿಯಾಗಿರಲಿ. ಸೋಮವಾರ ಬೇಡ, ಏಕೆಂದರೆ ಅಂದು ಲಲಿತಕಲಾ ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ. ಭಾನುವಾರ ಬೆಳಿಗ್ಗೆ ಮುಖ್ಯ ಚರ್ಚಾದ ಸಿಂಟ್ ಬಾಫ್ಸ್ ಕ್ಯಾಥೆಡ್ರಲ್‌ನಲ್ಲಿ ಪ್ರಾರ್ಥನೆ ನಡೆಯುವುದರಿಂದ ಪ್ರವಾಸಿಗರು ಮಧ್ಯಾಹ್ನದವರೆಗೆ ಕಾಯಬೇಕು. ಜುಲೈನಲ್ಲಿ ಹತ್ತು ದಿನ ನಡೆಯುವ ‘ಗೆಂಟ್ಸೆ ಫೇಸ್ಟನ್’ ಜಾತ್ರೆಯ ಹೊತ್ತಿನಲ್ಲಿ ಹೋದರೆ ಹಾಡು, ಕುಣಿತ, ಬಿಯರು ಧಾರಾಳವಾಗಿ ಸಿಗುತ್ತವೆ. ನಗರವನ್ನು ಸಮಾಧಾನವಾಗಿ ನೋಡಬೇಕೆನ್ನುವವರು ಆ ಹತ್ತು ದಿನಗಳನ್ನು ಬಿಟ್ಟುಬಿಡುವುದೇ ಲೇಸು.

ರೈಲು

ಬ್ರಸೆಲ್ಸ್‌ನಿಂದ ಗೆಂಟ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ. ಆಸನ ಕಾದಿರಿಸುವ ಪದ್ಧತಿ ಇಲ್ಲ, ಆದರೆ ಟಿಕೆಟನ್ನು ಹತ್ತುವ ಮುನ್ನವೇ ಕೊಳ್ಳಬೇಕು, ಒಳಗೆ ಕೊಂಡರೆ ಹೆಚ್ಚುವರಿ ಹಣ ತೆರಬೇಕಾಗುತ್ತದೆ. ನಮ್ಮವರು ಎಡವುವುದು ಊರಿನ ಹೆಸರಿನಲ್ಲಿ. ಬ್ರಸೆಲ್ಸ್ ಎರಡು ಭಾಷೆಯ ನಗರವಾದ್ದರಿಂದ ಇದೇ ಊರಿಗೆ ಅಲ್ಲಿ ಡಚ್ ಭಾಷೆಯ ‘ಗೆಂಟ್’ ಮತ್ತು ಫ್ರೆಂಚ್‌ನ ‘ಗಾಂ’ ಎಂಬ ಎರಡು ಹೆಸರುಗಳಿವೆ. ನಮ್ಮ ಚಿಕ್ಕಪ್ಪ ಫಲಕದಲ್ಲಿ ಫ್ರೆಂಚ್ ಹೆಸರನ್ನು ಕಂಡು, ಇದು ನಮ್ಮ ರೈಲಲ್ಲವೆಂದು ತೀರ್ಮಾನಿಸಿ, ಎದುರಿಗೇ ನಿಂತಿದ್ದ ರೈಲನ್ನು ಹೊರಡಲು ಬಿಟ್ಟು ಕೈಕಟ್ಟಿಕೊಂಡು ನಿಂತಿದ್ದರು. ಮರಳುವಾಗಲೂ ಎಚ್ಚರ ಬೇಕು. ಗೆಂಟ್‌ನ ಫಲಕಗಳು ಡಚ್ ಭಾಷೆಯವಾದ್ದರಿಂದ ಫ್ರಾನ್ಸಿನ ಲಿಲ್ ನಗರ ಅಲ್ಲಿ ‘ರೈಸಲ್’ ಆಗುತ್ತದೆ, ಬೆಲ್ಜಿಯಂನದೇ ಆದ ಮಾನ್ಸ್ ‘ಬೆರ್ಗನ್’ ಆಗುತ್ತದೆ.

ಇಳಿಯಬೇಕಾದದ್ದು ಗೆಂಟ್ ಸಿಂಟ್ ಪೀಟರ್ಸ್ ನಿಲ್ದಾಣದಲ್ಲಿ. ಅಲ್ಲಿಂದ ಹಳೆಯ ಊರಿನ ನಡುಭಾಗ 2 ಕಿ.ಮೀ.ಗೂ ಹೆಚ್ಚು ದೂರವಿದೆ. 1ನೇ ಸಂಖ್ಯೆಯ ಟ್ರಾಮ್ ಹತ್ತಿ, ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ, ಕೋರನ್‌ಮಾರ್ಕ್ಟ್ ಎಂಬಲ್ಲಿ ಇಳಿಯಿರಿ. ದೊಡ್ಡ ಚಕ್ರದ ಸೂಟ್‌ಕೇಸನ್ನು ನಿಲ್ದಾಣದಲ್ಲಿಯೇ ಲಾಕರಿಗೆ ಹಾಕಿ ಬರುವುದು ಮೇಲು, ಏಕೆಂದರೆ ಹಳೆಯ ಬೀದಿಗಳಿಗೆಲ್ಲ ಉರುಟು ಕಲ್ಲು ಹಾಸಿದ್ದಾರೆ.

ಮುಖ್ಯ ಕೆಲಸ: ಕುರಿಮರಿಯ ಚಿತ್ರ

ಜನ ಅತಿ ಹೆಚ್ಚು ಕೆಡಿಸಿಕೊಳ್ಳುವ ಹಂತ ಇದು. ಸಿಂಟ್ ಬಾಫ್ಸ್ ಕ್ಯಾಥೆಡ್ರಲ್‌ನಲ್ಲಿರುವ, ಹ್ಯೂಬರ್ಟ್ ಮತ್ತು ಯಾನ್ ವಾನ್ ಐಕ್ ಸಹೋದರರು ಚಿತ್ರಿಸಿದ, 1432ರಲ್ಲಿ ಪೂರ್ಣಗೊಂಡ, ಮಡಚಬಹುದಾದ ಹಲವು ಮರದ ಫಲಕಗಳ ಬಲಿಪೀಠದ ಚಿತ್ರವನ್ನು ನೋಡದೆ ಗೆಂಟ್‌ನಿಂದ ಮರಳುವುದೆಂದರೆ ಬೇಲೂರಿಗೆ ಹೋಗಿ ಗುಡಿಯ ಹೊರಗೆ ಎಳನೀರು ಕುಡಿದು ಬಂದಂತೆ. ಚರ್ಚಿನೊಳಗೆ ಬರಲು ಹಣ ಕೊಡಬೇಕಿಲ್ಲ, ಚಿತ್ರಕ್ಕೆ ಮಾತ್ರ ಸಮಯ ನಮೂದಿಸಿದ ಟಿಕೆಟ್ ಬೇಕು. ಅದನ್ನು ಕ್ಯಾಥೆಡ್ರಲ್‌ನ ಸ್ವಂತ ಜಾಲತಾಣದಲ್ಲಿಯೇ ಕೊಳ್ಳಿ. ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವ ಮಧ್ಯವರ್ತಿ ತಾಣಗಳು ಅದೇ ಟಿಕೆಟಿಗೆ ‘ಸರದಿ ತಪ್ಪಿಸಿ’ ಎಂಬ ಬಣ್ಣ ಬಳಿದು ಹೆಚ್ಚು ಹಣ ಕೀಳುತ್ತವೆ; ನಾನೂ ಒಮ್ಮೆ ಹಾಗೆ ಕೊಂಡು, ಉಳಿದವರೆಲ್ಲ ನಿಂತಿದ್ದ ಸಾಲಿನಲ್ಲಿಯೇ ನಿಂತಿದ್ದೆ.

ಟಿಕೆಟಿನಲ್ಲಿ ಎರಡು ಬಗೆ. ಒಂದರಲ್ಲಿ ತಲೆಗೊಂದು ಡಿಜಿಟಲ್ ಕನ್ನಡಕ ತೊಡಿಸಿ, ನೆಲಮಾಳಿಗೆಯಲ್ಲಿ ಸುತ್ತಾಡಿಸಿ, ಚಿತ್ರದ ಕಥೆಯನ್ನು ಕಣ್ಣೆದುರು ಮೂಡಿಸುತ್ತಾರೆ. 2021ರಿಂದ ಇರುವ ಈ ವ್ಯವಸ್ಥೆಯನ್ನು ಮಕ್ಕಳು ಬಹಳ ಮೆಚ್ಚುತ್ತಾರೆ. ಆದರೆ ಈಗಾಗಲೇ ಚಾಳೀಸು ಹಾಕಿಕೊಂಡಿರುವ ಹಿರಿಯರಿಗೆ ಇನ್ನೊಂದು ಕನ್ನಡಕದ ಭಾರ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಮೂಲ ಚಿತ್ರದ ಮುಂದೆ ನಿಲ್ಲುವ ಹೊತ್ತಿಗೆ ಅವರು ಕೂರಲು ಬೆಂಚು ಹುಡುಕುತ್ತಿರುತ್ತಾರೆ. ಅಂಥವರು ಸಾದಾ ಟಿಕೆಟ್ ಕೊಂಡು, ಪಕ್ಷಿವೀಕ್ಷಕರು ಇಟ್ಟುಕೊಳ್ಳುವಂಥ ಸಣ್ಣ ದುರ್ಬೀನನ್ನು ಕಿಸೆಯಲ್ಲಿಟ್ಟುಕೊಂಡು ಹೋಗಲಿ.

ಹೋಗುವ ಹಿಂದಿನ ರಾತ್ರಿ ‘ಕ್ಲೋಸರ್ ಟು ವಾನ್ ಐಕ್’ ಎಂಬ ಉಚಿತ ಜಾಲತಾಣದಲ್ಲಿ ಈ ಚಿತ್ರವನ್ನು ಹಿಗ್ಗಿಸಿ ನೋಡಿ ಮುಗಿಸಿರಬೇಕು. ಮರುದಿನ ಗಾಜಿನ ಪೆಟ್ಟಿಗೆಯೊಳಗಿನ ಮೂಲದ ಮುಂದೆ ನಿಂತಾಗ ಕಣ್ಣಿಗೆ ದಾರಿ ಗೊತ್ತಿರುತ್ತದೆ. ಮೊದಲು ಕೆಳಗಿನ ನಡುಫಲಕದಲ್ಲಿರುವ, ಯೇಸುವಿನ ಸಂಕೇತವಾದ ಕುರಿಮರಿಯನ್ನು ನೋಡಿ. ಎದೆಯಿಂದ ಚಿಮ್ಮುವ ರಕ್ತ ಬಟ್ಟಲಿಗೆ ಬೀಳುತ್ತಿದ್ದರೂ ಅದು ನೇರವಾಗಿ ನಿಮ್ಮನ್ನೇ ದಿಟ್ಟಿಸುತ್ತದೆ, ಆ ನೋಟ ಮನುಷ್ಯನದರಂತಿದೆ. 16ನೆಯ ಶತಮಾನದಲ್ಲಿ ಯಾರೋ ಅದರ ಮೇಲೆ ಸಾಧಾರಣ ಕುರಿಯ ಮುಖವೊಂದನ್ನು ಬಳಿದಿದ್ದರು. 1951ರ ಸುಮಾರಿಗೆ ಶುಚಿಗೊಳಿಸುವಾಗ ಮೂಲದ ಕಿವಿಗಳಷ್ಟೇ ಹೊರಬಂದು, ಎಷ್ಟೋ ಕಾಲ ಈ ಕುರಿಮರಿಗೆ ನಾಲ್ಕು ಕಿವಿಗಳಿದ್ದವು. 2012ರಲ್ಲಿ ಶುರುವಾದ ಸಂರಕ್ಷಣಾ ಕಾರ್ಯದಲ್ಲಿ ಮೇಲುಬಣ್ಣವನ್ನು ತೆಗೆದ ಮೇಲೆ ವಾನ್ ಐಕ್ ಬರೆದ ಮುಖ ಪೂರ್ತಿ ಕಾಣಿಸಿತು. ಆ ಕಾರ್ಯ ಹಂತಹಂತವಾಗಿ ನಡೆಯುವಂಥದ್ದು, ಅದಕ್ಕಾಗಿ ಕೆಲವು ಫಲಕಗಳನ್ನು ಲಲಿತಕಲಾ ವಸ್ತುಸಂಗ್ರಹಾಲಯಕ್ಕೆ ಒಯ್ಯುತ್ತಾರೆ. ಯಾವುವು ಎಲ್ಲಿವೆ ಎಂಬುದನ್ನು ಹೊರಡುವ ಮುನ್ನ ನೋಡಿಕೊಳ್ಳಿ.

ಅನಂತರ ದುರ್ಬೀನು ತೆಗೆದು ಮೇಲ್ಸಾಲಿನ ಅಂಚಿನಲ್ಲಿರುವ ಆದಾಮನ ಪಾದವನ್ನು ಹುಡುಕಿ. ಚಿತ್ರವನ್ನು ಕೆಳಗಿನಿಂದ ನೋಡುತ್ತಾರೆಂದು ಲೆಕ್ಕಹಾಕಿ, ಚೌಕಟ್ಟಿನಾಚೆಗೆ ಕಾಲಿಡುವಂತೆ ಅಂಗಾಲನ್ನೂ ಕಾಣಿಸಿದ್ದಾರೆ. ಎಡಗಡೆಯ ಕೆಳತುದಿಯಲ್ಲಿ ಕುದುರೆ ಏರಿರುವ ನ್ಯಾಯಾಧೀಶರ ಫಲಕ ಮಾತ್ರ ನಕಲು. ಮೂಲವನ್ನು 1934ರ ಏಪ್ರಿಲ್‌ನಲ್ಲಿ ಕದ್ದವರು ಇನ್ನೊಂದು ಫಲಕವನ್ನು ಹಿಂದಿರುಗಿಸಿದರೇ ಹೊರತು ಇದನ್ನು ಕೊಡಲಿಲ್ಲ. ಬಳಿಕ ನಾಜಿಗಳು ಒಯ್ದು ಆಸ್ಟ್ರಿಯದ ಉಪ್ಪಿನ ಗಣಿಯಲ್ಲಿ ಬಚ್ಚಿಟ್ಟಿದ್ದ ಉಳಿದ ಭಾಗಗಳು 1945ರಲ್ಲಿ ಮರಳಿ ಬಂದವು, ನ್ಯಾಯಾಧೀಶರು ಇಂದಿಗೂ ಸಿಕ್ಕಿಲ್ಲ. ಕಡೆಯಲ್ಲಿ ಪೆಟ್ಟಿಗೆಯ ಹಿಂದಕ್ಕೆ ಹೋಗಿ. ಹಣ ಕೊಟ್ಟು ಬರೆಸಿದ ಯೋಸ್ ವೈಡ್ ಮತ್ತು ಅವನ ಹೆಂಡತಿ ಎಲಿಸಬೆತ್ ಬೋರ್ಲೂಟ್ ಮಡಚುಫಲಕಗಳ ಹಿಂಬದಿಯಲ್ಲಿ ಕೈಮುಗಿದು ಮೊಣಕಾಲೂರಿದ್ದಾರೆ. ನಮ್ಮವರಲ್ಲಿ ಹತ್ತಕ್ಕೆ ಎಂಟು ಮಂದಿ ಹಿಂದಕ್ಕೆ ಹೋಗುವುದೇ ಇಲ್ಲ.

ಉಳಿದವು

91 ಮೀಟರ್ ಎತ್ತರದ ಗಂಟೆಗೋಪುರಕ್ಕೆ ಕೆಲವು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಇದೆ. ಫ್ಲಾಂಡರ್ಸ್‌ನ ಕೌಂಟ್ (ಸೀಮೆಯ ಒಡೆಯ) ಆಗಿದ್ದ ಆಲ್ಸಾಸ್‌ನ ಫಿಲಿಪ್ 1180ರಲ್ಲಿ ಕಟ್ಟಿಸಿದ ಗ್ರಾವನ್‌ಸ್ಟೇನ್ ಕೋಟೆಯನ್ನು ಬೆಳಿಗ್ಗೆಯೇ ನೋಡಿ ಮುಗಿಸಿ. ಅಲ್ಲಿ ಕೊಡುವ ಧ್ವನಿಮಾರ್ಗದರ್ಶಿ ಹಾಸ್ಯಗಾರನೊಬ್ಬನದು, ಗಂಭೀರ ಇತಿಹಾಸ ಬೇಕೆಂದವರು ಅದನ್ನು ಕೇಳಿ ಮುಖ ಸಿಂಡರಿಸುತ್ತಾರೆ. ದೋಣಿವಿಹಾರಕ್ಕೆ ಸುಮಾರು 40 ನಿಮಿಷ ಬೇಕು, ಮಳೆ ಬರುತ್ತಿದ್ದರೆ ಹೋಗಬೇಡಿ.

ಊಟ

ಗೆಂಟ್ ನಗರ 2009ರಿಂದ ಗುರುವಾರವನ್ನು ಸಸ್ಯಾಹಾರದ ದಿನವೆಂದು ಆಚರಿಸುತ್ತಿದೆ. ನಾನು ಗುರುವಾರವೆಂದು ಒತ್ತಿ ಹೇಳಿದ್ದು ಅದಕ್ಕಾಗಿ, ಉಳಿದ ದಿನಗಳಲ್ಲಿಯೂ ಇಲ್ಲಿ ಸಸ್ಯಾಹಾರಿಗಳು ಹಸಿದಿರಬೇಕಿಲ್ಲ. ಇಷ್ಟಾದರೂ ನಮ್ಮವರು ಮೋಸ ಹೋಗುವುದು ಆಲೂಗಡ್ಡೆಯಲ್ಲಿ. ಬೆಲ್ಜಿಯಂನ ಫ್ರೈಸ್ ಅನ್ನು ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಮನೆಯಲ್ಲಿ ಈರುಳ್ಳಿಯನ್ನೂ ಮುಟ್ಟದ ನಮ್ಮ ದೊಡ್ಡಮ್ಮ ಇಡೀ ಪೊಟ್ಟಣ ತಿಂದು, ಘಮ ಚೆನ್ನಾಗಿದೆಯೆಂದು ಕಾಗದವನ್ನೂ ಮೂಸಿ ನೋಡಿದ್ದರು. ನಾನು ಈವರೆಗೂ ಅವರಿಗೆ ವಿಷಯ ಹೇಳಿಲ್ಲ. ಅಂಗಡಿಯವನನ್ನು ‘ಪ್ಲಾಂಟಾರ್ಡಿಗೆ ಓಲಿ?’ ಎಂದು, ಅಂದರೆ ಸಸ್ಯಜನ್ಯ ಎಣ್ಣೆಯೇ ಎಂದು ಕೇಳಿ, ಹೌದೆಂದರೆ ಮಾತ್ರ ಕೊಳ್ಳಿ. ಮೂಗಿನಾಕಾರದ ನೇರಳೆ ಮಿಠಾಯಿ ‘ಕ್ಯೂಬರ್ಡಾನ್’ ಕೊಳ್ಳುವಾಗಲೂ ಪ್ರಾಣಿಜನ್ಯ ಜೆಲಟಿನ್ ಇದೆಯೇ ಎಂದು ವಿಚಾರಿಸಬೇಕು. ಮಧ್ಯಾಹ್ನ ಎರಡೂವರೆಯ ನಂತರ ಅನೇಕ ಹೋಟೆಲುಗಳ ಅಡುಗೆಮನೆ ಸಂಜೆಯವರೆಗೆ ಮುಚ್ಚಿರುತ್ತದೆ, ಕುಡಿಯುವ ನೀರಿಗೂ ಸಾಮಾನ್ಯವಾಗಿ ಹಣ ಕೊಡಬೇಕು.

ಸಂಜೆ

ಸಿಂಟ್ ಮಿಖೀಲ್ಸ್ ಸೇತುವೆಯ ಮೇಲೆ ನಿಂತರೆ ಸಿಂಟ್ ನಿಕೋಲಾಸ್ ಚರ್ಚು, ಗಂಟೆಗೋಪುರ, ಸಿಂಟ್ ಬಾಫ್ಸ್ ಮೂರರ ಶಿಖರಗಳೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಹಗಲಿನ ಬಸ್ಸಿನವರು ಫೋಟೊ ತೆಗೆಯುವುದೂ ಇಲ್ಲಿಯೇ, ಆದರೆ ದೀಪ ಹೊತ್ತಿದ ಮೇಲೆ ಕೆಳಗಿನ ಗ್ರಾಸ್ಲೈ ದಂಡೆಯ ಮನೆಗಳು ನೀರಿನಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು ಕಾಣಲು ರಾತ್ರಿ ಉಳಿದಿರಬೇಕು. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ. ಜೂನಿನಲ್ಲಿ ಸೂರ್ಯ ಮುಳುಗುವಾಗ ಹತ್ತು ಗಂಟೆಯಾಗಿರುತ್ತದೆ, ಅಲ್ಲಿಯವರೆಗೆ ಊರಿನವರಂತೆ ದಂಡೆಯ ಕಲ್ಲಿನ ಮೇಲೆಯೇ ಕುಳಿತುಕೊಳ್ಳಬಹುದು. ಎದ್ದು ಹೊರಡುವಾಗ ಟ್ರಾಮ್ ಹಳಿಯನ್ನೂ ಸೈಕಲ್ಲುಗಳನ್ನೂ ನೋಡಿಕೊಂಡು ರಸ್ತೆ ದಾಟಿ.