ಬಿಡಿಭಾಗ ಬರುವ ತನಕ: ಮೋಟರ್‌ಹೋಂ ಕಿಟಕಿಗೆ ನಾನು ಕಟ್ಟಿದ ತಟ್ಟಿ

2022ರ ಸೆಪ್ಟೆಂಬರ್ ತಿಂಗಳಿನಲ್ಲಿ ಸ್ಕಾಟ್ಲೆಂಡಿನ ವಾಯವ್ಯ ಭಾಗದಲ್ಲಿ, ಅಸಿಂಟ್ ಸರೋವರದ ಬದಿಯಿಂದ ಲಾಕಿನ್ವರ್ ಬಂದರಿಗೆ ಹೋಗುವ ಎ837 ರಸ್ತೆಯಲ್ಲಿ, ಎದುರಿನಿಂದ ಬಂದ ಲಾರಿಗೆ ದಾರಿ ಬಿಡಲೆಂದು ಅಡುಗೆ, ಮಲಗುವ ವ್ಯವಸ್ಥೆಗಳಿರುವ ಮನೆಯಂಥ ವಾಹನವಾದ ನಮ್ಮ ಮೋಟರ್‌ಹೋಮನ್ನು ಎಡಕ್ಕೆ ಒತ್ತಿ ನಿಲ್ಲಿಸುವಷ್ಟರಲ್ಲಿ ಬರ್ಚ್ ಮರದ ಕೊಂಬೆಯೊಂದು ಊಟದ ಮೇಜಿನ ಪಕ್ಕದ ಕಿಟಕಿಗೆ ಸಿಕ್ಕಿಕೊಂಡಿತು. ಈ ಕಿಟಕಿಗಳ ಚಿಲಕಕ್ಕೆ ಎರಡು ಹಂತಗಳಿರುತ್ತವೆ. ಒಂದರಲ್ಲಿ ಕಿಟಕಿ ರಬ್ಬರಿಗೆ ಬಿಗಿಯಾಗಿ ಕೂರುತ್ತದೆ, ಇನ್ನೊಂದರಲ್ಲಿ ಗಾಳಿಯಾಡಲು ಒಂದು ಬೆರಳಿನಷ್ಟು ಸಂದು ಉಳಿಯುತ್ತದೆ. ಬೆಳಿಗ್ಗೆ ಅಡುಗೆಯ ಹಬೆ ಹೋಗಲೆಂದು ಎರಡನೆಯ ಹಂತದಲ್ಲಿಟ್ಟದ್ದನ್ನು ಹೊರಡುವಾಗ ನಾನು ಮುಚ್ಚಿರಲಿಲ್ಲ. ಕೊಂಬೆ ಆ ಸಂದಿಗೇ ತೂರಿತು. ಹೊರಪದರದ ಕೆಳಮೂಲೆ ಒಡೆದು ಹಾರಿಹೋಯಿತು. ಒಳಪದರದಲ್ಲಿ ಮೂಲೆಯಿಂದ ನಡುವಿನವರೆಗೆ ಒಂದು ಉದ್ದನೆಯ ಬಿರುಕು ಬಿತ್ತು.

ಮುಂದೆ ಮಾಡಿದ್ದೆಲ್ಲ ಈ ಕಿಟಕಿ ಏತರಿಂದ ಮಾಡಿದ್ದು ಎಂಬುದನ್ನು ಅವಲಂಬಿಸಿತ್ತಾದ್ದರಿಂದ ಅದನ್ನು ಮೊದಲು ಹೇಳಬೇಕು. ಚಾಲಕನ ಮುಂದಿನ ಮತ್ತು ಪಕ್ಕದ ಕಿಟಕಿಗಳು ಕಾರಿನಲ್ಲಿರುವಂತೆ ಗಾಜಿನವು. ಹಿಂದಿನ ವಾಸದ ಭಾಗದವು ಸಾಮಾನ್ಯವಾಗಿ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯವು, ಎರಡು ಪದರಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಅಂಚಿನಲ್ಲಿ ಬೆಸೆದವು. ಅಕ್ರಿಲಿಕ್ ಗಾಜಿನ ಅರ್ಧಕ್ಕಿಂತ ಕಡಿಮೆ ತೂಕದ್ದು, ಚಳಿಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಒಡೆದರೆ ಕಾರಿನ ಪಕ್ಕದ ಗಾಜಿನಂತೆ ಸಣ್ಣ ಹರಳುಗಳಾಗಿ ಉದುರುವುದಿಲ್ಲ; ಕತ್ತಿಯಂಥ ಚೂರುಗಳಾಗುತ್ತದೆ. ಅದಕ್ಕೆ ಇನ್ನೂ ಒಂದು ದೌರ್ಬಲ್ಯವಿದೆ. ಸ್ಪಿರಿಟ್, ಥಿನ್ನರ್, ಪೆಟ್ರೋಲ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಇವು ತಗುಲಿದರೆ ಅದರ ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಟೇಪ್ ಅಂಟಿಸುವ ಮೊದಲು ಜಾಗವನ್ನು ಸ್ಪಿರಿಟ್‌ನಿಂದ ಒರೆಸಬೇಕು ಎಂಬ ಎಲ್ಲರ ಸಲಹೆ ಲೋಹದ ಮೈಗೆ ಸರಿ, ಅಕ್ರಿಲಿಕ್‌ಗೆ ವಿಷ.

ಆ ಸಂಜೆ ಲಾಕಿನ್ವರ್‌ನಲ್ಲಿ ಮಳೆ ಹಿಡಿದಿತ್ತು. ದಪ್ಪ ಕೈಗವಸು ಹಾಕಿಕೊಂಡು ಸಡಿಲ ಚೂರುಗಳನ್ನು ಕಿತ್ತೆ, ಆಸನದ ದಿಂಬುಗಳನ್ನು ಹೊರಗೆ ಕೊಡವಿದೆ. ಒಳಪದರದ ಬಿರುಕಿನ ತುದಿಯಲ್ಲಿ 3 ಮಿಲಿಮೀಟರಿನ ಒಂದು ತೂತು ಕೊರೆದೆ. ಬಿರುಕಿನ ಮೊನೆಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿನ ಮೇಲೆ ಸೇರಿರುತ್ತದೆ, ತೂತಿನ ದುಂಡು ಅಂಚು ಆ ಒತ್ತಡವನ್ನು ಹಂಚುತ್ತದೆ. ಹಾಗಾಗಿ ಬಿರುಕು ಮುಂದೆ ಓಡುವುದಿಲ್ಲ. ಡ್ರಿಲ್ ನಿಧಾನವಾಗಿ ತಿರುಗಬೇಕು, ಒತ್ತಬಾರದು, ಬಿರುಕಿನ ಕಣ್ಣಿಗೆ ಕಾಣುವ ತುದಿಗಿಂತ ಒಂದಿಷ್ಟು ಮುಂದೆಯೇ ಕೊರೆಯಬೇಕು. ಆ ತೂತು ಕೊನೆಯವರೆಗೂ ತನ್ನ ಕೆಲಸ ಮಾಡಿತು. ಬಿರುಕು ಅಲ್ಲಿಂದಾಚೆಗೆ ಒಂದು ಕೂದಲಿನಷ್ಟೂ ಬೆಳೆಯಲಿಲ್ಲ.

ಆಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಮತ್ತು ಟೇಪ್. ಒದ್ದೆಯ ಮೇಲೆ ಯಾವ ಟೇಪೂ ನಿಲ್ಲದು. ಒಬ್ಬರು ಕೊಡೆ ಹಿಡಿದು, ಇನ್ನೊಬ್ಬರು ಒಣ ಟವೆಲಿನಿಂದ ಒರೆಸಿ, ಕೂದಲು ಒಣಗಿಸುವ ಯಂತ್ರದಿಂದ ಲೋಹವನ್ನು ಕೈಗೆ ಬೆಚ್ಚಗೆನಿಸುವಷ್ಟು ಬಿಸಿ ಮಾಡಿ ಅಂಟಿಸಿದೆವು. ಅಂಟಿಸುವ ಕ್ರಮವನ್ನು ನಾನು ಕಲಿತದ್ದು ಮಲೆನಾಡಿನ ಸಾಗರ ಊರಿನ ನಮ್ಮ ಮನೆಯ ಮಂಗಳೂರು ಹೆಂಚಿನಿಂದ. ಕೆಳಗಿನ ಸಾಲು ಮೊದಲು, ಮೇಲಿನ ಸಾಲು ಅದರ ಮೇಲೆ ಹೊದ್ದು ಬರಬೇಕು. ನೀರು ಒಂದರಿಂದ ಒಂದಕ್ಕೆ ಇಳಿಯಬೇಕೇ ಹೊರತು ಎಲ್ಲಿಯೂ ಅಂಚಿಗೆ ಎದುರಾಗಬಾರದು. ವಾಹನವಾದ್ದರಿಂದ ಇನ್ನೊಂದು ನಿಯಮ ಕೂಡ ಸೇರುತ್ತದೆ. ಹಿಂದಿನ ಅಂಚಿನ ಪಟ್ಟಿಯನ್ನು ಮೊದಲು ಅಂಟಿಸಿ, ಮುಂದಿನ ಅಂಚಿನದನ್ನು ಕೊನೆಯಲ್ಲಿ ಅದರ ಮೇಲೆ ಬರುವಂತೆ ಅಂಟಿಸಬೇಕು. ತಿರುವುಮುರುವಾದರೆ ಗಾಳಿ ಅಂಚಿನಡಿ ಉಗುರು ತೂರಿಸಿ ಪೂರ್ತಿ ಬಿಚ್ಚಿಹಾಕುತ್ತದೆ.

ಆ ಪ್ಲಾಸ್ಟಿಕ್ ನಿಂತ ವಾಹನಕ್ಕೆ ಸಾಕಾಯಿತು. ರಾತ್ರಿಯೆಲ್ಲ ಪಟಪಟ ಬಡಿದುಕೊಂಡರೂ ಒಂದು ಹನಿ ನೀರು ಒಳಗೆ ಬರಲಿಲ್ಲ.

ಬೆಳಿಗ್ಗೆ ಬಿಡಿಭಾಗಕ್ಕೆ ಫೋನ್ ಮಾಡಿದಾಗ ಆರು ವಾರ ಎಂದರು. ಕೊನೆಗೆ ಹತ್ತು ವಾರವಾಯಿತು. ಕೇಳುವ ಮೊದಲು ಮಾಡಿಟ್ಟುಕೊಂಡ ಒಂದು ಕೆಲಸದಿಂದ ಆಮೇಲೆ ಬಹಳ ಅನುಕೂಲವಾಯಿತು: ಕಿಟಕಿಯ ಕೆಳಮೂಲೆಯಲ್ಲಿ ಅಚ್ಚೊತ್ತಿದ್ದ ಗುರುತುಗಳ ಫೋಟೋ ತೆಗೆದು, ಚೌಕಟ್ಟಿನ ಅಗಲ ಎತ್ತರಗಳನ್ನು ಮೂರು ಮೂರು ಕಡೆ ಅಳೆದು ಬರೆದಿಟ್ಟಿದ್ದೆ. ಯುರೋಪಿನ ವಾಹನಗಳ ಕಿಟಕಿಯಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ (E) ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ; ಅನುಮೋದನೆ ಕೊಟ್ಟ ದೇಶವನ್ನು ಅದು ಸೂಚಿಸುತ್ತದೆ, 1 ಎಂದರೆ ಜರ್ಮನಿ, 4 ಎಂದರೆ ನೆದರ್ಲೆಂಡ್ಸ್. 43ಆರ್ ಎಂಬುದು ವಾಹನದ ಗಾಜುಗಳ ಸುರಕ್ಷತಾ ನಿಯಮದ ಸಂಖ್ಯೆ. ಈ ಎರಡೂ ಎಲ್ಲ ಕಿಟಕಿಗಳಲ್ಲಿ ಇರುವುದರಿಂದ ಅವುಗಳಿಂದ ಭಾಗ ಸಿಗುವುದಿಲ್ಲ. ಪಕ್ಕದಲ್ಲಿ ತಯಾರಕರ ಹೆಸರಿನ ಜೊತೆ ಇರುವ ಮಾದರಿಯ ಗುರುತು ಮತ್ತು ಅಳತೆ ಬೇಕು. ನಮ್ಮದು 900ಕ್ಕೆ 500 ಮಿಲಿಮೀಟರಿನದು. ಮುರಿದ ಮೂಲೆ ಅದೃಷ್ಟವಶಾತ್ ಬೇರೆ ಬದಿಯದಾಗಿದ್ದರಿಂದ ಗುರುತುಗಳು ಉಳಿದಿದ್ದವು.

ಪ್ಲಾಸ್ಟಿಕ್ ಹಾಳೆ ಹೆದ್ದಾರಿಗೆ ಸಾಲದೆಂದು ಉಲ್ಲಾಪೂಲ್ ಎಂಬ ಊರಿನಲ್ಲಿ ನಾಮಫಲಕಗಳಿಗೆ ಬಳಸುವ 4 ಮಿಲಿಮೀಟರ್ ದಪ್ಪದ ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್ ಹಲಗೆಯನ್ನು ಕೊಂಡೆ. ಎರಡು ತೆಳು ಪದರಗಳ ನಡುವೆ ಕೊಳವೆಗಳ ಸಾಲಿರುವ ಹಲಗೆ ಅದು. ಹಗುರ, ಚಾಕುವಿನಲ್ಲಿ ಕತ್ತರಿಸಬಹುದು, ನೀರು ಹಿಡಿಯುವುದಿಲ್ಲ. ಕೊಳವೆಗಳು ಮೇಲಿಂದ ಕೆಳಕ್ಕೆ ಬರುವಂತೆ ಇಟ್ಟು, ಕಿಟಕಿಗಿಂತ ಸುತ್ತಲೂ 5 ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ನಾಲ್ಕೂ ಬದಿಗೆ ಒಳ್ಳೆಯ ಟೇಪ್ ಅಂಟಿಸಿ ಹೊರಟೆವು. ಬಹಳ ಭದ್ರವಾಗಿದೆ ಎಂದೇ ಭಾವಿಸಿದ್ದೆ. ಇನ್ವರ್‌ನೆಸ್ ನಗರದ ಕಡೆಗಿನ ಎ835 ರಸ್ತೆಯಲ್ಲಿ ಗ್ಲಾಸ್ಕಾರ್ನಕ್ ಸರೋವರದ ಬದಿಯ ಬಯಲು ತಲುಪುವಷ್ಟರಲ್ಲಿ ಹಿಂದಿನಿಂದ ಡಬ್ ಎಂಬ ಸದ್ದು ಬಂತು. ಕನ್ನಡಿಯಲ್ಲಿ ನೋಡಿದರೆ ಹಲಗೆಯ ಮುಂದಿನ ಬದಿ ರೆಕ್ಕೆಯ ಹಾಗೆ ಎದ್ದಿತ್ತು.

ಅಂಚಿಗೆ ನಿಲ್ಲಿಸಿ ಇಳಿದು ನೋಡಿದಾಗ ಕಂಡದ್ದು ಇದು: ಟೇಪ್ ವಾಹನದ ಮೈಗೆ ಒಂದಿಷ್ಟೂ ಬಿಟ್ಟಿರಲಿಲ್ಲ, ಹಲಗೆಯಿಂದ ಮಾತ್ರ ಸಂಪೂರ್ಣ ಸುಲಿದು ಬಂದಿತ್ತು. ಪಾಲಿಪ್ರೊಪಿಲಿನ್, ಪಾಲಿಥಿನ್‌ಗಳ ಮೈ ಅಂಟನ್ನು ಹಿಡಿಯುವುದಿಲ್ಲ; ಅಂಟು ಅದರ ಮೇಲೆ ಹರಡಿಕೊಳ್ಳದೆ ಮೇಲೆಮೇಲೆ ಕೂರುತ್ತದೆ. ಎರಡನೆಯ ತಪ್ಪು ಗಾಳಿಯ ದಿಕ್ಕಿನದು. ಗಾಳಿ ಹಲಗೆಯನ್ನು ಒಳಗೆ ಒತ್ತುತ್ತದೆ ಎಂದುಕೊಂಡು ನಾನು ಎಲ್ಲವನ್ನೂ ಮಾಡಿದ್ದೆ. ಓಡುವ ವಾಹನದ ಪಕ್ಕದ ಗೋಡೆಯಲ್ಲಿ ನಡೆಯುವುದು ಅದರ ವಿರುದ್ಧ. ಮೈಯ ಪಕ್ಕದಲ್ಲಿ ವೇಗವಾಗಿ ಸಾಗುವ ಗಾಳಿಯ ಒತ್ತಡ ಒಳಗಿನದಕ್ಕಿಂತ ಕಡಿಮೆಯಿರುತ್ತದೆ, ಹಲಗೆ ಹೊರಕ್ಕೆ ಎಳೆಯಲ್ಪಡುತ್ತದೆ. ದೊಡ್ಡ ಲಾರಿ ಹಾದುಹೋದಾಗ ಆ ಎಳೆತ ಹೊಯ್ದಾಡುತ್ತದೆ. ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಆ ಹಲಗೆ ಕಿತ್ತು ಹಿಂದಿನ ಕಾರಿನ ಮುಂಗಾಜಿಗೆ ಬಡಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಮನಸ್ಸು ಕುಗ್ಗುತ್ತದೆ.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಹಿಂದೆ ವಾಹನ ಬಂದಾಗಲೆಲ್ಲ ಬದಿಗೆ ಸರಿಯುತ್ತ, ಇನ್ವರ್‌ನೆಸ್ ಸೇರಿದೆವು. ಆ ದಾರಿಯಲ್ಲಿ ನನಗೆ ನೆನಪಾದದ್ದು ಮಳೆಗಾಲಕ್ಕೆ ಮೊದಲು ನಮ್ಮ ಮನೆಯ ಪಡುವಣ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ರೀತಿ. ಎರಚಲು ಗೋಡೆಗೆ ಬೀಳದಂತೆ ಕಟ್ಟುವ ಆ ತಟ್ಟಿಯಲ್ಲಿ ಸೋಗೆಯ ಕೆಲಸ ನೀರು ಇಳಿಸುವುದು ಮಾತ್ರ. ಗಾಳಿಯನ್ನು ತಡೆದುಕೊಳ್ಳುವುದು ಅಡ್ಡಗಟ್ಟಿದ ದಬ್ಬೆ ಮತ್ತು ಹಗ್ಗ. ಮಣ್ಣಿನ ಗೋಡೆಗೆ ಯಾರೂ ಮೊಳೆ ಹೊಡೆಯುತ್ತಿರಲಿಲ್ಲ. ಮಳೆಗಾಲ ಮುಗಿದಾಗ ಹಗ್ಗ ಬಿಚ್ಚಿದರೆ ಗೋಡೆ ಮೊದಲಿನ ಹಾಗೇ ಇರುತ್ತಿತ್ತು. ನಾನು ಮಾಡಿದ್ದ ತಪ್ಪು ಎರಡೂ ಕೆಲಸವನ್ನು ಅಂಟಿನ ಮೇಲೆಯೇ ಹೊರಿಸಿದ್ದು.

ಇನ್ವರ್‌ನೆಸ್‌ನ ಒಂದು ಅಂಗಡಿಯ ವಾಹನ ನಿಲ್ದಾಣದಲ್ಲಿ ಅರ್ಧ ದಿನ ಕೂತು ಹೊಸದಾಗಿ ಕಟ್ಟಿದೆ. ಮುರಿದ ಕಿಟಕಿಯನ್ನು ಮೊದಲು ಬಿಚ್ಚಿದೆ. ಅದು ಮೇಲಿನ ಅಲ್ಯೂಮಿನಿಯಂ ಹಳಿಗೆ ಕೊಕ್ಕೆಯ ಹಾಗೆ ಸಿಕ್ಕಿಸಿದ್ದು. ಕಿಟಕಿಯನ್ನು ತೆರೆದು ಹಿಡಿಯುವ ತೋಳುಗಳನ್ನು ಬಿಡಿಸಿ, ಹಳಿಯ ತುದಿಯ ತಡೆಯನ್ನು ತೆಗೆದು, ಕಿಟಕಿಯನ್ನು ಮೇಲಕ್ಕೆತ್ತಿ ಹಿಡಿದು ಪಕ್ಕಕ್ಕೆ ಜಾರಿಸಿದರೆ ಹೊರಬರುತ್ತದೆ. ಹಲಗೆಯ ನಾಲ್ಕು ಕಡೆ ಜೋಡಿ ತೂತು ಮಾಡಿ, ಹೊರಬದಿಯಲ್ಲಿ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ಬಿಲ್ಲೆಗಳನ್ನು ಇಟ್ಟು, ನೈಲಾನ್ ಹುರಿಯನ್ನು ಅವುಗಳ ಮೂಲಕ ಪೋಣಿಸಿ ಒಳಕ್ಕೆ ತಂದೆ. ಬಿಲ್ಲೆ ಇಲ್ಲದಿದ್ದರೆ ಹುರಿ ಹಲಗೆಯನ್ನು ಸೀಳುತ್ತದೆ. ಒಳಗಡೆ ಕಿಟಕಿಗೆ ಅಡ್ಡಲಾಗಿ, ಅದಕ್ಕಿಂತ ಉದ್ದನೆಯ ಎರಡು ಮರದ ಪಟ್ಟಿಗಳನ್ನಿಟ್ಟು ಹುರಿಯನ್ನು ಅವುಗಳಿಗೆ ಸುತ್ತಿದೆ. ಬಿಗಿ ಮಾಡಲು ಎತ್ತಿನ ಗಾಡಿಯಲ್ಲಿ ಹುಲ್ಲಿನ ಹೊರೆ ಬಿಗಿಯುವ ಹಾಗೆ, ಜೋಡಿ ಹುರಿಯ ನಡುವೆ ಗೇಣುದ್ದದ ಕೋಲು ತೂರಿಸಿ ತಿರುಚಿ, ಕೋಲಿನ ತುದಿಯನ್ನು ಪಟ್ಟಿಗೆ ಕಟ್ಟಿದೆ.

ಮೊದಲ ಸಲ ತಿರುಚುತ್ತಿದ್ದಂತೆ ಒಳಗಿನ ಪ್ಲಾಸ್ಟಿಕ್ ಚೌಕಟ್ಟು ಕಿರ್ರ್ ಎಂದಿತು. ಆ ಚೌಕಟ್ಟಿನೊಳಗೆ ಸೊಳ್ಳೆಪರದೆ ಮತ್ತು ಬಿಸಿಲುಪರದೆಗಳ ಉರುಳೆಗಳಿರುತ್ತವೆ; ಒಂದು ಸಲ ಸೊಟ್ಟಗಾದರೆ ಮತ್ತೆ ನೇರವಾಗುವುದಿಲ್ಲ. ತಕ್ಷಣ ಸಡಿಲಿಸಿ, ಪಟ್ಟಿಗಳ ಎರಡೂ ತುದಿಗೆ ಬಟ್ಟೆ ಸುತ್ತಿದ ಮರದ ತುಂಡುಗಳನ್ನು ಕೊಟ್ಟು, ಭಾರವೆಲ್ಲ ಚೌಕಟ್ಟಿನ ಆಚೆಯ ಗೋಡೆಯ ಮೇಲೆ ಬೀಳುವಂತೆ ಮಾಡಿದೆ. ಹಲಗೆಗೂ ಕಿಟಕಿಯ ಸುತ್ತಲಿನ ರಬ್ಬರಿಗೂ ನಡುವೆ, ಡೇರೆಯಲ್ಲಿ ಮಲಗಲು ಹಾಸುವ 10 ಮಿಲಿಮೀಟರಿನ ಫೋಮ್ ಚಾಪೆಯನ್ನು ಕತ್ತರಿಸಿ ಇಟ್ಟಿದ್ದೆ. ಹುರಿ ಬಿಗಿದಂತೆ ಅದು ಅಮುಕಿ ಕೂತು ನೀರು ತಡೆಯಿತು. ಚಳಿಗೆ ಒಳಮೈಯಲ್ಲಿ ಹನಿ ಕಟ್ಟುವುದೂ ನಿಂತಿತು. ಟೇಪನ್ನು ಕೊನೆಯಲ್ಲಿ, ಮೇಲಿನ ಮತ್ತು ಮುಂದಿನ ಅಂಚಿಗೆ ಹಾಗೂ ಹುರಿಯ ತೂತುಗಳಿಗೆ ಮಾತ್ರ ಹಾಕಿದೆ. ಕೆಳಗಿನ ಅಂಚನ್ನು ಬೇಕೆಂದೇ ತೆರೆದಿಟ್ಟೆ. ಹೇಗಾದರೂ ಒಳಸೇರುವ ನೀರಿಗೆ ಹೊರಹೋಗಲು ದಾರಿ ಬೇಕು, ಇಲ್ಲದಿದ್ದರೆ ಅದು ಗೋಡೆಯೊಳಗೆ ದಾರಿ ಹುಡುಕುತ್ತದೆ.

ಅಂಗಡಿಯಲ್ಲಿ ಇಬ್ಬರು ಸಿಲಿಕೋನ್ ಬಳಿದುಬಿಡಿ ಎಂದರು, ಒಬ್ಬರು ನಾಲ್ಕು ತಿರುಪು ಹೊಡೆಯಿರಿ ಎಂದರು. ಎರಡನ್ನೂ ಮಾಡಲಿಲ್ಲ, ಯಾರೂ ಮಾಡಬಾರದೆಂದೇ ನನ್ನ ಖಚಿತ ಅಭಿಪ್ರಾಯ. ಈ ವಾಹನಗಳ ಗೋಡೆ ಎಂದರೆ ಹೊರಗೆ ತೆಳುವಾದ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ನಡುವೆ ಫೋಮ್, ಒಳಗೆ ಪ್ಲೈವುಡ್, ಅನೇಕ ವಾಹನಗಳಲ್ಲಿ ಮರದ ರೀಪು. ಒಂದು ತಿರುಪಿನ ತೂತಿನಿಂದ ಇಳಿದ ನೀರು ವರ್ಷಗಟ್ಟಲೆ ಕಾಣದೆ ಕೊಳೆಸುತ್ತದೆ. ಸಿಲಿಕೋನ್ ಕೆರೆದರೂ ಅದರ ಜಿಡ್ಡು ಉಳಿಯುತ್ತದೆ, ಆ ಜಿಡ್ಡಿನ ಮೇಲೆ ಆಮೇಲೆ ಯಾವ ಅಂಟೂ ಬಣ್ಣವೂ ಕೂರುವುದಿಲ್ಲ. ಹೊಸ ಕಿಟಕಿ ಬಂದ ದಿನ ಅದು ಕೂರಬೇಕಾದ ಜಾಗ ಕೆಡದೆ ಇರಬೇಕು. ಹತ್ತು ವಾರದ ಅನುಕೂಲಕ್ಕಾಗಿ ಹತ್ತು ವರ್ಷದ ಗೋಡೆಯನ್ನು ಹಾಳುಮಾಡುವುದು ಸರಿಯಲ್ಲ.

ಇನ್ನೊಂದು ಎಚ್ಚರಿಕೆ. ಗ್ಯಾಸ್ ಇರುವ ವಾಹನದಲ್ಲಿ ನೆಲದಲ್ಲಿಯೂ ಛಾವಣಿಯಲ್ಲಿಯೂ ಸದಾ ತೆರೆದಿರುವ ಗಾಳಿಕಂಡಿಗಳಿರುತ್ತವೆ. ಚಳಿಗಾಳಿ ಬರುತ್ತದೆಂದು, ಕೈಯಲ್ಲಿ ಟೇಪ್ ಇದೆಯೆಂದು ಅವನ್ನು ಮುಚ್ಚಬಾರದು. ಮುರಿದದ್ದು ಹಾಸಿಗೆಯ ಪಕ್ಕದ ಕಿಟಕಿಯಾಗಿದ್ದರೆ ಬೆಂಕಿಯ ಸಂದರ್ಭದಲ್ಲಿ ಹೊರಬೀಳುವ ದಾರಿಯೂ ಅದೇ ಆಗಿರಬಹುದು. ನಮ್ಮದು ಅಂಥದ್ದಲ್ಲದಿದ್ದರೂ ಹುರಿ ಕತ್ತರಿಸಲು ಒಂದು ಚಾಕುವನ್ನು ಪಟ್ಟಿಯ ಪಕ್ಕದಲ್ಲೇ ತೂಗುಹಾಕಿದ್ದೆ.

ಇನ್ವರ್‌ನೆಸ್‌ನಿಂದ ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಮನೆಗೆ ಸುಮಾರು 600 ಕಿಲೋಮೀಟರ್. 80ರ ಮೇಲೆ ಹೋಗದೆ, ಎರಡು ದಿನದಲ್ಲಿ, ಗಂಟೆಗೊಮ್ಮೆ ನಿಲ್ಲಿಸಿ ಹುರಿ ಮುಟ್ಟಿ ನೋಡುತ್ತ ಬಂದೆವು. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಮೊದಲ ನಿಲುಗಡೆಯಲ್ಲೇ ಕೋಲನ್ನು ಇನ್ನೊಂದು ಸುತ್ತು ತಿರುಚಬೇಕಾಯಿತು. ಪಾಲಿಯೆಸ್ಟರ್ ಹುರಿ ಅಷ್ಟು ಹಿಗ್ಗುವುದಿಲ್ಲ, ಮನೆಗೆ ಬಂದ ಮೇಲೆ ಅದಕ್ಕೇ ಬದಲಾಯಿಸಿದೆ. ಆ ತಟ್ಟಿಯೊಂದಿಗೆ ಅಕ್ಟೋಬರಿನಲ್ಲಿ ಇನ್ನೆರಡು ಸಣ್ಣ ಪ್ರವಾಸಗಳನ್ನೂ ಮಾಡಿದೆವು.

ನವೆಂಬರ್ ಕೊನೆಯಲ್ಲಿ ಕಿಟಕಿ ಬಂತು. ಚಿಲಕಗಳೂ ತೋಳುಗಳೂ ಅದರೊಂದಿಗೆ ಇರಲಿಲ್ಲ; ಹಳೆಯ ಕಿಟಕಿಯನ್ನು ಎಸೆಯದೆ ಇಟ್ಟಿದ್ದರಿಂದ ಅದರವನ್ನೇ ಬಿಚ್ಚಿ ಜೋಡಿಸಿದೆ. ಟೇಪನ್ನು ಬೆಚ್ಚಗೆ ಮಾಡಿ, ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆದಾಗ ಬಣ್ಣ ಕೀಳಲಿಲ್ಲ. ಮೊದಲ ರಾತ್ರಿ ಪಕ್ಕದ ಕಿಟಕಿಯ ಅಂಚಿಗೂ ಟೇಪ್ ತಾಗಿತ್ತು. ಅಲ್ಲಿ ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಹತ್ತಿ ಬಟ್ಟೆಯಿಂದ ಉಜ್ಜಿ, ಸಾಬೂನು ನೀರಿನಲ್ಲಿ ತೊಳೆದೆ, ಅಕ್ರಿಲಿಕ್ ಮಸುಕಾಗಲಿಲ್ಲ. ಕೊನೆಗೆ ಕೆಳಮೂಲೆಯ ಗೋಡೆಗೆ ತೇವ ಅಳೆಯುವ ಮೀಟರ್ ಹಿಡಿದೆ. ಶೇಕಡಾ 15ರೊಳಗಿದ್ದರೆ ಚಿಂತೆಯಿಲ್ಲ ಎಂಬುದು ಇಲ್ಲಿನ ಪರೀಕ್ಷಕರ ವಾಡಿಕೆಯ ಲೆಕ್ಕ. ಅದು 12 ತೋರಿಸಿತು, ಎದುರು ಗೋಡೆಯ ಒಡೆಯದ ಕಿಟಕಿಯ ಕೆಳಗೂ 12 ಇತ್ತು.