ನಲವತ್ತೈದು ಸೆಂಟಿಮೀಟರ್ ಅಗಲದ ದೋಣಿ ಮತ್ತು ಮಲಪ್ರಭೆಯ ಮೂಡಗಾಳಿ

ಧಾರವಾಡದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿ ಹಾರೋಬೆಳವಡಿಯ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿದಾಗ, ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದು, ಚಾವಣಿಗೆ ಕಟ್ಟಿದ್ದ ನನ್ನ ದೋಣಿಯನ್ನು ಬೆರಳಿನಿಂದ ಬಡಿದು ನೋಡಿ, "ಇದು ಗಾಳಿಯಂತ್ರದ ರೆಕ್ಕಿ ಏನ್ರಿ ಅಕ್ಕಾರ?" ಎಂದು ಕೇಳಿದರು. ಸವದತ್ತಿ ಸೀಮೆಯ ಗುಡ್ಡಗಳಿಗೆ ಅಂಥ ರೆಕ್ಕೆಗಳನ್ನು ಹೊತ್ತೊಯ್ದ ಲಾರಿಗಳನ್ನು ಕಂಡವರಿಗೆ ಅದು ಸಹಜವಾದ ಊಹೆಯೇ. ಆರು ಮೀಟರಿಗೂ ತುಸು ಹೆಚ್ಚು ಉದ್ದ, ಎರಡೂ ತುದಿಗಳಲ್ಲಿ ಚೂಪು, ಬಿಳಿಯ ಬಣ್ಣ, ಹಿಂದೆ ಎಚ್ಚರಿಕೆಗೆಂದು ಕಟ್ಟಿದ ಕೆಂಪು ಅರಿವೆ. ದೋಣಿ ಎಂದು ಹೇಳಿದೆ. ಅವರು ಮತ್ತೊಮ್ಮೆ ಅದರ ಅಗಲವನ್ನು ಗೇಣಿನಿಂದ ಅಳೆದು ನೋಡಿ, ಏನೂ ಹೇಳದೆ ಹೋಗಿ ಕುಳಿತರು. ಆ ದಿನ ಸಂಜೆ ಮರಳಿ ಬರುವಾಗ ನನಗೆ ಅವರ ಗೇಣು ನೆನಪಾಯಿತು.

ನಾನು ಹೋಗುತ್ತಿದ್ದುದು ಮಲಪ್ರಭಾ ಜಲಾಶಯದ ಹಿನ್ನೀರಿನಲ್ಲಿ ಕೆಲವು ಹವ್ಯಾಸಿಗಳು ಕೂಡಿ ಏರ್ಪಡಿಸಿದ್ದ 28 ಕಿಲೋಮೀಟರ್ ದೂರದ ಹುಟ್ಟುದೋಣಿ ಸ್ಪರ್ಧೆಗೆ. ನವಿಲುತೀರ್ಥದ ಅಣೆಕಟ್ಟೆಯ ಹಿಂದೆ ನಿಂತ ಈ ನೀರೇ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ಬರುತ್ತದೆ. ಯಾವ ದಿನ ನೀರು ಬರುತ್ತದೆಂದು ಎಣಿಸುತ್ತ ಕೊಡ ತುಂಬಿಟ್ಟುಕೊಳ್ಳುವ ಮನೆಯವಳಾದ ನನಗೆ, ಅದೇ ನೀರು ಕಣ್ಣು ಹರಿಯುವಷ್ಟು ದೂರ ಹರಡಿಕೊಂಡಿರುವುದನ್ನು ಮೊದಲ ಸಲ ದಂಡೆಯಲ್ಲಿ ನಿಂತು ನೋಡಿದಾಗ ಸ್ವಲ್ಪ ಸಿಟ್ಟೇ ಬಂದಿತ್ತು.

ಇಪ್ಪತ್ತಾರು ದೋಣಿಗಳು ಬಂದಿದ್ದವು. ಅವುಗಳಲ್ಲಿ ಸರ್ಫ್‌ಸ್ಕೀಗಳು ಹೆಚ್ಚು, ಕೆನೋಗಳು ಏಳೆಂಟು. ಸರ್ಫ್‌ಸ್ಕೀಗೆ ಮುಚ್ಚಳವಿಲ್ಲ, ದೋಣಿಯ ಒಳಗೆ ಕೂರದೆ ಅದರ ಮೇಲಿನ ತಗ್ಗಿನಲ್ಲಿ ಕೂರಬೇಕು. ಕಾಲು ಚಾಚಿ ಪಾದಗಳನ್ನು ಒಂದು ಹಲಗೆಗೆ ಒತ್ತಿಕೊಂಡರೆ, ಅಲ್ಲಿಯೇ ಇರುವ ಎರಡು ಪೆಡಲುಗಳಿಂದ ಹಿಂದಿನ ಚುಕ್ಕಾಣಿ ತಿರುಗುತ್ತದೆ. ಹಿಮ್ಮಡಿಯ ಬಳಿ ಒಂದು ರಂಧ್ರವಿದ್ದು, ದೋಣಿ ವೇಗವಾಗಿ ಸಾಗುತ್ತಿದ್ದರೆ ಒಳಗೆ ಬಿದ್ದ ನೀರನ್ನು ಅದೇ ಕೆಳಗೆ ಎಳೆದು ಹಾಕುತ್ತದೆ. ನಿಂತರೆ ಆ ಕೆಲಸವೂ ನಿಲ್ಲುತ್ತದೆ. ಆಸ್ಟ್ರೇಲಿಯಾದ ಕಡಲತೀರಗಳಲ್ಲಿ ಜೀವರಕ್ಷಕರು ಬಳಸುತ್ತಿದ್ದ ದೋಣಿಯಿಂದ ಬೆಳೆದು ಬಂದದ್ದು ಇದು, ದಕ್ಷಿಣ ಆಫ್ರಿಕಾದಲ್ಲಿ ದೂರದ ಕಡಲ ಪಂದ್ಯಗಳಿಗೆ ಬಹಳ ಬಳಕೆಯಲ್ಲಿದೆ. ಎರಡೂ ತುದಿಗೆ ಅಲಗುಳ್ಳ ಹುಟ್ಟು ಇದರದು. ಕೆನೋದ ಹುಟ್ಟಿಗೆ ಒಂದೇ ಅಲಗು.

ನನ್ನ ಅಭ್ಯಾಸವೆಲ್ಲ ಧಾರವಾಡದ ಕೆಲಗೇರಿ ಕೆರೆಯಲ್ಲಿ ನಡೆದದ್ದು. ವಾರದಲ್ಲಿ ಮೂರು ದಿನ, ಬೆಳಿಗ್ಗೆ ಆರಕ್ಕೆ ನೀರಿಗಿಳಿದು, ಎಂಟಕ್ಕೆ ಮನೆ ಸೇರಿ, ಹತ್ತಕ್ಕೆ ಕಚೇರಿಯಲ್ಲಿರಬೇಕು. ನಾನೇ ಗುರುತು ಮಾಡಿಕೊಂಡ ಒಂದು ಸುತ್ತು 1.8 ಕಿಲೋಮೀಟರ್, ರವಿವಾರ ಅಂಥ ಒಂಬತ್ತು ಸುತ್ತು. ಅಂತರಗಂಗೆ ಹಬ್ಬಿದ ತಿಂಗಳುಗಳಲ್ಲಿ ಸುತ್ತು ಅರ್ಧಕ್ಕಿಳಿಯುತ್ತಿತ್ತು, ಅದರ ಬೇರು ಚುಕ್ಕಾಣಿಗೆ ಸುತ್ತಿಕೊಂಡರೆ ಯಾರೋ ಹಿಂದಿನಿಂದ ದೋಣಿಯನ್ನು ಹಿಡಿದು ಜಗ್ಗಿದಂತಾಗುತ್ತಿತ್ತು. ಆಗ ಬೈಯುತ್ತ ಮುಂದೆ ಹೋಗುವುದಕ್ಕಿಂತ ನಿಂತು, ನಾಲ್ಕು ಹುಟ್ಟು ಹಿಂದಕ್ಕೆ ಹಾಕಿದರೆ ಬೇರು ತಾನಾಗಿ ಕಳಚಿಕೊಳ್ಳುತ್ತದೆ ಎಂಬುದನ್ನು ಕಲಿಯಲು ನನಗೆ ಒಂದು ಮಳೆಗಾಲವೇ ಬೇಕಾಯಿತು.

ಹುಟ್ಟು ಹಾಕುವುದು ತೋಳಿನ ಕೆಲಸವೆಂದು ಎಲ್ಲರಂತೆ ನಾನೂ ತಿಳಿದಿದ್ದೆ. ಮೊದಲ ಮೂರು ತಿಂಗಳು ಐದಾರು ಕಿಲೋಮೀಟರ್ ಆಗುವಷ್ಟರಲ್ಲಿ ಭುಜ ಸೋತು ಬರುತ್ತಿತ್ತು. ಅಣ್ಣಿಗೇರಿಯಲ್ಲಿ ನಮ್ಮ ಅಜ್ಜಿ ಬೀಸುಕಲ್ಲಿನ ಮುಂದೆ ಕೂರುತ್ತಿದ್ದ ರೀತಿ ಒಂದು ದಿನ ನೆನಪಾದದ್ದೇ ನನಗೆ ಪಾಠವಾಯಿತು. ಕಾಲು ಚಾಚಿ ಕುಳಿತ ಆಕೆಯ ಕೈ ಗೂಟವನ್ನು ಬರಿದೆ ಹಿಡಿದಿರುತ್ತಿತ್ತು. ತಿರುಗುತ್ತಿದ್ದುದು ಸೊಂಟದಿಂದ ಮೇಲಿನ ಮೈ. ಇಲ್ಲಿಯೂ ಹಾಗೆಯೇ. ಬಲಗಡೆಯ ಅಲಗನ್ನು ಪಾದದ ಪಕ್ಕದಲ್ಲಿ ಪೂರ್ತಿಯಾಗಿ ನೀರಿಗೆ ಹೂಳಿ, ಅದೇ ಕ್ಷಣಕ್ಕೆ ಬಲಗಾಲಿನಿಂದ ಹಲಗೆಯನ್ನು ಒತ್ತಿದರೆ ಸೊಂಟ ತಾನೇ ತಿರುಗುತ್ತದೆ, ಕೈ ಹಗ್ಗದಂತೆ ನೇರವಾಗಿದ್ದು ಆ ಬಲವನ್ನು ಅಲಗಿಗೆ ಮುಟ್ಟಿಸುತ್ತದೆ. ಅಲಗು ಸೊಂಟದ ಹತ್ತಿರ ಬಂದ ಕೂಡಲೇ ಹೊರಗೆ ತೆಗೆಯಬೇಕು. ಇನ್ನೂ ಹಿಂದಕ್ಕೆ ಎಳೆದರೆ ನೀರನ್ನು ಎತ್ತಿ ಚೆಲ್ಲುವುದೇ ಆಗುತ್ತದೆ. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ, ಚಮಚದಂತೆ ಬಾಗಿದ ರೆಕ್ಕೆಯಾಕಾರದ ಅಲಗು ಈಗ ಎಲ್ಲರ ಕೈಯಲ್ಲೂ ಇದೆ. ಅದು ನೀರಿನಲ್ಲಿ ಸ್ವಲ್ಪ ಹೊರಮುಖವಾಗಿ ಸರಿಯಲು ಬಯಸುತ್ತದೆ, ಹಾಗೆ ಸರಿಯಲು ಬಿಟ್ಟರೆ ಮಾತ್ರ ಅದರ ಲಾಭ.

ಇಷ್ಟೆಲ್ಲ ಕಲಿತ ಮೇಲೆ ದೊಡ್ಡ ತಪ್ಪನ್ನು ಮಾಡಿದ್ದು ದೋಣಿಯ ಆಯ್ಕೆಯಲ್ಲಿ. ಹೊಸಬರಿಗೆ 50 ಸೆಂಟಿಮೀಟರಿಗೂ ಹೆಚ್ಚು ಅಗಲದ ಸರ್ಫ್‌ಸ್ಕೀ ಸರಿ ಎನ್ನುತ್ತಾರೆ. ನುರಿತವರದು 43ರ ಆಸುಪಾಸು. ನಾನು ಪರಿಚಿತರೊಬ್ಬರಿಂದ 45ರದನ್ನು ಕೊಂಡೆ. ಕೆಲಗೇರಿಯಲ್ಲಿ ಮೊದಲ ವಾರ ದಿನಕ್ಕೆ ಹತ್ತು ಸಲ ಬಿದ್ದೆ, ಎರಡನೆಯ ತಿಂಗಳಿಗೆ ಬೀಳುವುದು ನಿಂತಿತು, ಮತ್ತು ಅಗಲದ ದೋಣಿಗಿಂತ ಗಂಟೆಗೆ ಅರ್ಧ ಕಿಲೋಮೀಟರ್ ಹೆಚ್ಚು ವೇಗ ಸಿಕ್ಕಿತು. ಅದರಿಂದ ನನಗೆ ಬಂದ ಸೊಕ್ಕನ್ನು ಈಗ ನೆನೆದರೆ ನಗು ಬರುತ್ತದೆ. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಇಷ್ಟೇ: ಗಾಳಿ ನೀರಿನ ಮೇಲೆ ಎಷ್ಟು ದೂರ ಅಡೆತಡೆಯಿಲ್ಲದೆ ಓಡುತ್ತದೆಯೋ ತೆರೆ ಅಷ್ಟು ಬೆಳೆಯುತ್ತದೆ. ಕೆಲಗೇರಿಯಲ್ಲಿ ಆ ದೂರ ಕೆಲವು ನೂರು ಮೀಟರ್. ಮಲಪ್ರಭೆಯ ಹಿನ್ನೀರಿನಲ್ಲಿ ಅದು ಹಲವು ಕಿಲೋಮೀಟರ್. ನಾನು ಬೀಳದಿರುವುದನ್ನು ಕಲಿತದ್ದು ತೆರೆಯೇ ಏಳದ ನೀರಿನಲ್ಲಿ.

ನವೆಂಬರಿನ ಆ ಬೆಳಿಗ್ಗೆ ಏಳು ಗಂಟೆಗೆ ನೀರು ಎಣ್ಣೆ ಹೊಯ್ದಂತಿತ್ತು. ಮೊದಲ ಹದಿನಾಲ್ಕು ಕಿಲೋಮೀಟರ್ ನೈರುತ್ಯಕ್ಕೆ, ಅಲ್ಲಿ ತೇಲಿಬಿಟ್ಟ ಹಳದಿ ಡ್ರಮ್ಮನ್ನು ಸುತ್ತಿ ಅದೇ ದಾರಿಯಲ್ಲಿ ಮರಳಬೇಕು. ಹೊರಟ ಎರಡನೆಯ ಕಿಲೋಮೀಟರಿನಲ್ಲಿ ಗದುಗಿನಿಂದ ಬಂದಿದ್ದ ಇಬ್ಬರ ಕೆನೋ ನನ್ನ ಮುಂದೆ ಹೋಯಿತು. ಹಿಂದೆ ಕುಳಿತವರು ಅರವತ್ತು ದಾಟಿದ ನಿವೃತ್ತ ಮಾಸ್ತರರು, ಮುಂದೆ ಅವರ ಸೋದರಳಿಯ. ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಅವರ ಅಭ್ಯಾಸ. (ಮಾಗಡಿ ಕೆರೆ ಅವರಿಗೆ ಇನ್ನೂ ಹತ್ತಿರ, ಆದರೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಗೆ ದೋಣಿ ಇಳಿಸುವ ಮಾತನ್ನು ಆಡಿದರೇ ಮಾಸ್ತರರಿಗೆ ಸಿಟ್ಟು ಬರುತ್ತದೆ.) ಇಬ್ಬರೂ ಒಂದೊಂದು ಬದಿಗೆ ಹುಟ್ಟು ಹಾಕುತ್ತ, ಎಂಟೋ ಹತ್ತೋ ಹುಟ್ಟುಗಳಿಗೊಮ್ಮೆ ಹಿಂದಿನವರು "ಹಾಂ" ಎಂದೊಡನೆ ಒಟ್ಟಿಗೆ ಬದಿ ಬದಲಿಸುತ್ತಿದ್ದರು. ದೋಣಿ ಒಂದು ಕಡೆಗೆ ತಿರುಗಲು ತೊಡಗುವ ಮೊದಲೇ ಆ "ಹಾಂ" ಬರುತ್ತಿತ್ತು.

ಮುಂದಿನ ದೋಣಿ ತನ್ನ ಹಿಂದೆ ಬಿಟ್ಟುಹೋಗುವ ತೆರೆಯ ತಗ್ಗಿನಲ್ಲಿ ನಮ್ಮ ದೋಣಿಯ ಮೂತಿಯನ್ನು ಇಟ್ಟರೆ ಇಳಿಜಾರಿನಲ್ಲಿ ಸಾಗಿದಂತೆ ಆಗುತ್ತದೆ. ದೂರದ ಪಂದ್ಯಗಳಲ್ಲಿ ಇದು ಎಲ್ಲರೂ ಒಪ್ಪಿದ ಕ್ರಮ. ಸರದಿಯ ಮೇಲೆ ಮುಂದಾಳಾಗಬೇಕೆಂಬುದು ಅದರ ಮರ್ಯಾದೆ. ನಾನು ಅವರ ಬೆನ್ನಿಗೆ ಕೈಯಳತೆಯ ಅಂತರದಲ್ಲಿ ಸೇರಿಕೊಂಡೆ. ವೇಗ ಅಷ್ಟೇ ಇದ್ದು ನನ್ನ ವಾಚಿನಲ್ಲಿ ಎದೆಬಡಿತ 165ರಿಂದ 148ಕ್ಕೆ ಇಳಿಯಿತು. ಒಂದು ಕಡೆ ಮುಳುಗಿದ ಹೊಲದ ಮೇಲೆ ಸೊಂಟದಷ್ಟೇ ನೀರಿದ್ದಲ್ಲಿ ಎರಡೂ ದೋಣಿಗಳು ಒಮ್ಮೆಲೇ ಭಾರವಾದವು. ಆಳ ಕಡಿಮೆಯಾದಾಗ ದೋಣಿ ಎಬ್ಬಿಸಿದ ತೆರೆಯೇ ಅದನ್ನು ಹಿಡಿದೆಳೆಯುತ್ತದೆ. ಮಾಸ್ತರರು ಏನೂ ಹೇಳದೆ ಆಳದ ಕಡೆಗೆ ಹೊರಳಿದರು, ನಾನೂ ಹೊರಳಿದೆ. ಡ್ರಮ್ಮನ್ನು ಸುತ್ತುವಾಗ ನನಗೆ 1 ಗಂಟೆ 32 ನಿಮಿಷವಾಗಿತ್ತು.

ಮರಳುವಾಗ ಮೂಡಗಾಳಿ ಎದ್ದಿತ್ತು. ಹಿಂಗಾರಿನ ದಿನಗಳಲ್ಲಿ ಬಿಸಿಲೇರಿದಂತೆ ಅದು ಬಲಿಯುವುದು ಈ ಭಾಗದ ರೈತರಿಗೆಲ್ಲ ಗೊತ್ತಿರುವ ಮಾತು. ಮಾಸ್ತರರು ಕುತ್ತಿಗೆ ಹೊರಳಿಸಿ, "ತಂಗೀ, ದಂಡಿ ಹಿಡದ ಬಾ. ನಡುವ ಹೋಗಬ್ಯಾಡ" ಎಂದು ಕೂಗಿ, ಮೂಡಣ ದಂಡೆಯ ಮರೆಗೆ ದೋಣಿ ತಿರುಗಿಸಿದರು. ಆ ದಾರಿ ಸುತ್ತು. ನನ್ನ ವಾಚಿನ ಗೆರೆ ಮಾತ್ರ ನೇರವಾಗಿ ನೀರಿನ ನಡುವೆ ಹಾಯ್ದುಹೋಗಿತ್ತು, ಮತ್ತು ನಾನು ಗೆರೆಯ ಮಾತು ಕೇಳಿದೆ.

ಹಿನ್ನೀರಿನ ಒಂದು ತೋಳು ಬಂದು ಕೂಡುವಲ್ಲಿ ತೆರೆಗಳು ಬಲಬದಿಯಿಂದ ನೇರವಾಗಿ ಬಡಿಯತೊಡಗಿದವು. ಎತ್ತರವೇನೂ ಹೆಚ್ಚಲ್ಲ, ಮೊಳದಷ್ಟು. ಆದರೆ ನಿಂತ ನೀರಿನ ತೆರೆಗಳು ಒತ್ತೊತ್ತಾಗಿ ಬರುತ್ತವೆ. ಒಂದರಿಂದ ದೋಣಿ ಸುಧಾರಿಸಿಕೊಳ್ಳುವ ಮುನ್ನವೇ ಇನ್ನೊಂದು ಸೊಂಟದಡಿಯಲ್ಲಿರುತ್ತದೆ. ನನ್ನ ಪ್ರತಿ ಎರಡನೆಯ ಹುಟ್ಟು ಮುಂದೆ ಹೋಗಲಿಕ್ಕಲ್ಲ, ಬೀಳದಿರಲಿಕ್ಕೆ ಎಂಬಂತಾಯಿತು. ಅಲಗನ್ನು ಚಪ್ಪಟೆಯಾಗಿ ನೀರಿನ ಮೇಲೆ ಒತ್ತಿ ಆಧಾರ ಪಡೆಯುತ್ತ ಮುಕ್ಕಾಲು ಕಿಲೋಮೀಟರ್ ಸಾಗಿದ ಮೇಲೆ ಬಿದ್ದೆ. ಕಾಲಿಗೆ ಕಟ್ಟಿದ ಹಗ್ಗದಿಂದಾಗಿ ದೋಣಿ ಗಾಳಿಗೆ ತೇಲಿಹೋಗಲಿಲ್ಲ. ದೋಣಿಯ ನಡುವಿನ ಪಟ್ಟಿಯನ್ನು ಹಿಡಿದು, ಕಾಲುಗಳನ್ನು ನೀರಿನ ಮಟ್ಟಕ್ಕೆ ಬರುವಂತೆ ಬಡಿದು, ಹೊಟ್ಟೆಯನ್ನು ಅಡ್ಡಲಾಗಿ ಮೇಲಕ್ಕೆಳೆದುಕೊಂಡು, ಹೊರಳಿ ಕೂತು, ಎರಡೂ ಕಾಲುಗಳನ್ನು ಎರಡು ಬದಿಗೆ ಇಳಿಬಿಟ್ಟೆ. ಎಮ್ಮೆಯ ಮೇಲೆ ಕುಳಿತಂತೆ ಕಾಲು ನೀರಿನಲ್ಲಿದ್ದಷ್ಟು ಹೊತ್ತು ದೋಣಿ ಅಲುಗದು. ಕಾಲನ್ನು ಒಳಗೆ ತೆಗೆದುಕೊಳ್ಳುವ ಗಳಿಗೆಯೇ ಕಠಿಣ. ಮೊದಲ ಯತ್ನದಲ್ಲಿ ಆ ಗಳಿಗೆಯಲ್ಲೇ ಮತ್ತೆ ಬಿದ್ದೆ. ಕೆಲಗೇರಿಯಲ್ಲಿ ಈ ಏರುವ ಅಭ್ಯಾಸವನ್ನು ನೂರು ಸಲ ಮಾಡಿದ್ದೆ. ಎಲ್ಲವೂ ನಿಶ್ಚಲ ನೀರಿನಲ್ಲಿ.

ಮೂರನೆಯ ಸಲ ಬಿದ್ದಾಗ ಗಾಳಿ ನನ್ನನ್ನು ಮೀನಿನ ಬಲೆಯೊಂದರ ಮೇಲೆ ತಂದು ಹಾಕಿತ್ತು. ಚುಕ್ಕಾಣಿಗೆ ನೈಲಾನ್ ಎಳೆ ಸಿಕ್ಕಿಕೊಂಡಿತು. ಸೊಂಟದ ಚೀಲದಿಂದ ಸಣ್ಣ ಚಾಕು ತೆಗೆಯುವಷ್ಟರಲ್ಲಿ ಹರಿಗೋಲಿನಲ್ಲಿದ್ದ ಮೀನುಗಾರರೊಬ್ಬರು, "ಅಕ್ಕಾರ, ಬಲಿ ಕೊಯ್ಯಬ್ಯಾಡ್ರೀ, ತಡೀರಿ, ನಾ ಬಿಡಸ್ತೀನಿ" ಎನ್ನುತ್ತ ಒಂದೇ ಹುಟ್ಟಿನಲ್ಲಿ ಗರಗರ ತಿರುಗಿಸಿಕೊಂಡು ಬಂದರು. ಬೆರಳಿನ ತುದಿಯಿಂದ ಎಳೆಗಳನ್ನು ಒಂದೊಂದಾಗಿ ಸರಿಸುತ್ತ, ಒಂದು ಕಣ್ಣೂ ಹರಿಯದಂತೆ ಬಲೆ ಬಿಡಿಸಿದರು. ಆಮೇಲೆ ನನ್ನ ದೋಣಿಯ ಮೇಲೆ ಕೈಯಾಡಿಸಿ, "ಇಷ್ಟ ಸಣ್ಣದ ಯಾಕ ತಂದ್ರಿ?" ಎಂದರು. ಅವರ ಹರಿಗೋಲು ಅದೇ ತೆರೆಗಳ ಮೇಲೆ ಊಟದ ತಟ್ಟೆಯಂತೆ ಸುಮ್ಮನೆ ಏರಿಳಿಯುತ್ತಿತ್ತು. ಉತ್ತರ ಹೊಳೆಯದೆ, ಅವರು ಹಿಡಿದುಕೊಂಡಿದ್ದಾಗಲೇ ಏರಿ ಕುಳಿತು ಮೂಡಣ ದಂಡೆಯ ದಾರಿ ಹಿಡಿದೆ.

ಮುಗಿಸಿದಾಗ 3 ಗಂಟೆ 41 ನಿಮಿಷ, ಹತ್ತೊಂಬತ್ತನೆಯ ಸ್ಥಾನ. ಮಾಸ್ತರರ ಜೋಡಿ ನನಗಿಂತ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹುಟ್ಟು ಹಾಕಿ ಮೂವತ್ತನಾಲ್ಕು ನಿಮಿಷ ಮೊದಲೇ ಮುಗಿಸಿ, ಒಣಗಿದ ಬಟ್ಟೆಯುಟ್ಟು ರೊಟ್ಟಿ-ಪುಂಡಿಪಲ್ಯ ಉಣ್ಣುತ್ತ ಕುಳಿತಿತ್ತು.

ಊಟದ ವಿಷಯದಲ್ಲಿಯೂ ಎಡವಿದ್ದೆ. ದಾರಿಗೆಂದು ಧಾರವಾಡದ ಫೇಡೆ ಕಟ್ಟಿಕೊಂಡದ್ದು ಮೂರ್ಖತನ; ಒಣಗಿದ ಬಾಯಲ್ಲಿ ಅದು ಮಣ್ಣಿನಂತೆ ಅಂಟುತ್ತದೆ. ಈಗ ಮುಕ್ಕಾಲು ಗಂಟೆಗೊಮ್ಮೆ ಅರ್ಧ ಬಾಳೆಹಣ್ಣು ಅಥವಾ ಚಿಕ್ಕದಾಗಿ ಕಟ್ಟಿದ ಶೇಂಗಾ ಉಂಡಿ, ಬೆನ್ನ ಚೀಲದ ನಳಿಕೆಯಿಂದ ಉಪ್ಪು-ಸಕ್ಕರೆ ಹಾಕಿದ ಲಿಂಬೆ ನೀರು, ಒಟ್ಟು ಎರಡು ಲೀಟರ್. ಅಂಗೈಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಹುಟ್ಟನ್ನು ಬಿಗಿಹಿಡಿದರೆ ಮಾತ್ರ ಬೊಬ್ಬೆ ಬರುತ್ತದೆ, ಬಿಗಿಹಿಡಿಯುವುದು ಬೀಳುವ ಅಂಜಿಕೆಯಿಂದ, ಆ ಅಂಜಿಕೆ ಸಣ್ಣ ದೋಣಿಯದು.

ಮರುವರ್ಷ 51 ಸೆಂಟಿಮೀಟರ್ ಅಗಲದ ದೋಣಿಯಲ್ಲಿ ಅದೇ ದಾರಿಗೆ 3 ಗಂಟೆ 14 ನಿಮಿಷ ಹಿಡಿಯಿತು, ಒಮ್ಮೆಯೂ ಬೀಳಲಿಲ್ಲ. ಗಾಳಿಯೂ ಆ ವರ್ಷ ಸ್ವಲ್ಪ ಮೆತ್ತಗಿದ್ದುದರಿಂದ ಇಪ್ಪತ್ತೇಳು ನಿಮಿಷವನ್ನು ಪೂರ್ತಿಯಾಗಿ ದೋಣಿಯ ಲೆಕ್ಕಕ್ಕೆ ಬರೆಯಲಾರೆ. ಆದರೆ ಆ ತೋಳಿನ ಬಾಯಲ್ಲಿ ಅಡ್ಡ ತೆರೆಗಳ ನಡುವೆಯೂ ಕಾಲಿನಿಂದ ಹಲಗೆ ಒತ್ತಲು ಸಾಧ್ಯವಾಯಿತು, ಬಲಗೈಯ ಅಲಗು ಪ್ರತಿ ಸಲವೂ ಪೂರ್ತಿಯಾಗಿ ಹೂತುಕೊಂಡಿತು. 45ರ ದೋಣಿಯನ್ನು ಮಾರಿಲ್ಲ. ತಿಂಗಳಿಗೆರಡು ಸಲ, ಗಾಳಿಯಿರುವ ಮಧ್ಯಾಹ್ನಗಳಲ್ಲಿ ಅದನ್ನು ಉಣಕಲ್ ಕೆರೆಗೆ ಒಯ್ದು, ತೆರೆಗೆ ಅಡ್ಡಲಾಗಿ ನಿಲ್ಲಿಸಿ, ಬಿದ್ದು ಏರುತ್ತೇನೆ. ಇಪ್ಪತ್ತು ಸಲ ಬಲಗಡೆಯಿಂದ, ಇಪ್ಪತ್ತು ಸಲ ಎಡಗಡೆಯಿಂದ. ಎಡಗಡೆಯಿಂದ ಇನ್ನೂ ಸರಿಯಾಗಿ ಏರಲು ಬರುತ್ತಿಲ್ಲ.