ತಟ್ಟೆ ಬಿದ್ದ ಮೇಲೆ ಮರಿ ಏನು ಮಾಡುತ್ತದೆ

ತಟ್ಟೆ ಬೀಳಿಸಿ ನೋಡಿ ಆರು ವರ್ಷದಲ್ಲಿ ನಾನು ಆರಿಸಿದ ನಾಯಿಮರಿಗಳು 13 ಇರಬಹುದು, 14 ಇರಬಹುದು. ಮೂರು ನಮ್ಮ ಮನೆಗೆ, ಉಳಿದವು ನೆಂಟರಿಗೆ, ಊರಿನವರಿಗೆ. ಎರಡು ಮರಿಗಳ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ತಪ್ಪಿತು. ತಟ್ಟೆ ಬಡಿದು ನಾಯಿ ಆರಿಸ್ತಾನಂತೆ ಅಂತ ಆಡಿಕೊಂಡವರೇ ಈಗ ಫೋನ್ ಮಾಡಿ ಭಾನುವಾರ ಬಿಡುವಿದೆಯಾ ಅಂತ ಕೇಳುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಗುಬ್ಬಿ ಹತ್ತಿರ ನಮ್ಮದು ತೆಂಗಿನ ತೋಟ. ಮನೆಯೂ ತೋಟದೊಳಗೇ. ಕೋಳಿ ಇವೆ, ನಾಲ್ಕು ಕುರಿ ಇವೆ, ಇಬ್ಬರು ಮಕ್ಕಳಿದ್ದಾರೆ. ಇಂಥ ಮನೆಯಲ್ಲಿ ಬೊಗಳುವ ನಾಯಿ ಇದ್ದರೆ ಸಾಲದು. ಮಗು ಬಾಲ ಎಳೆದರೆ ಎದ್ದು ಆಚೆ ಹೋಗಬೇಕು. ಕಾಯಿ ಕೀಳುವವರು ಮೇಲಿಂದ ಗೊನೆ ಕೆಡವಿದರೆ ಬೇಲಿ ಹಾರಿ ಓಡಬಾರದು.

ಇದೆಲ್ಲ ಗೊತ್ತಾಗುವ ಮುಂಚಿನ ನನ್ನ ಮೊದಲನೇ ನಾಯಿ ಲ್ಯಾಬ್ರಡಾರ್. 2017ರಲ್ಲಿ ಬೆಂಗಳೂರಿನ ಒಬ್ಬರಿಂದ 14,000 ಕೊಟ್ಟು ತಂದೆ. ಒಂದೇ ಸೂಲಿನ ಏಳು ಮರಿಗಳಲ್ಲಿ ಎಲ್ಲಕ್ಕಿಂತ ಮುಂಚೆ ಓಡಿ ಬಂದು ತೊಡೆ ಹತ್ತಿದ್ದು ಅದು. 'ಅದೇ ನಿಮ್ಮನ್ನ ಆರಿಸಿಕೊಂಡಿದೆ ಸಾರ್' ಅಂದರು ಮಾರುವವರು. ನಾನೂ ನಂಬಿದೆ. ವರ್ಷ ತುಂಬುವಷ್ಟರಲ್ಲಿ ಊಟದ ತಟ್ಟೆ ಹತ್ತಿರ ಯಾರನ್ನೂ ಬಿಡದ ಹಾಗಾಯಿತು. ಒಂದು ದಿನ ಮಗನ ಕೈ ಕಚ್ಚಿತು. ರೇಬೀಸ್ ಸೂಜಿ, ಹೊಲಿಗೆ, ಮೇಲೆ ಅವನ ಹೆದರಿಕೆ. ನಾಯಿಯನ್ನು ಒಬ್ಬ ಗೆಳೆಯನ ಇಟ್ಟಿಗೆ ಗೂಡಿಗೆ ಕೊಟ್ಟೆ.

ಎರಡನೆಯದಕ್ಕೆ ತಿರುಗಿ ಇನ್ನೊಂದು ತುದಿಗೆ ಹೋದೆ. ಮೂಲೆಯಲ್ಲಿ ಕೂತಿದ್ದ ಸಾಧು ಮರಿ. ನನ್ನ ಹೆಂಡತಿಗೆ ಅದನ್ನು ಕಂಡು ಅಯ್ಯೋ ಅನ್ನಿಸಿತು. ತುಮಕೂರಿನಲ್ಲಿ 3,000ಕ್ಕೆ ಸಿಕ್ಕಿತು. ಮೊದಲ ತಿಂಗಳೆಲ್ಲಾ ಮಂಚದ ಕೆಳಗೇ ಇತ್ತು. ತೋಟದಲ್ಲಿ ಗೊನೆ ಬಿದ್ದರೆ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ದೀಪಾವಳಿ ರಾತ್ರಿ ಹಗ್ಗ ಕಿತ್ತುಕೊಂಡು ಹೋಗಿ ಎರಡು ದಿನದ ಮೇಲೆ ನಿಟ್ಟೂರಿನ ಕಡೆ ಸಿಕ್ಕಿತು. ಆ ಜೀವ ಬದುಕಿದ್ದಷ್ಟು ದಿನ ನೆಮ್ಮದಿಯಾಗಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಮೂರನೆಯದು ಮುಧೋಳ ಬೆರಕೆ. ಪಕ್ಕದ ಮನೆಯವರ ಒಂಬತ್ತು ಕೋಳಿ ಮುಗಿಸಿತು. 4,000 ಚಿಲ್ಲರೆ ಕಟ್ಟಿದೆ. ಮರಿಯ ಬೆಲೆ, ಸೂಜಿ, ಆಸ್ಪತ್ರೆ, ಕೋಳಿ ಎಲ್ಲ ಸೇರಿಸಿದರೆ ಮೂರು ನಾಯಿಗೆ 35,000 ಹತ್ತಿರ ಹೋಗಿದೆ.

ಆಮೇಲೆ ಓದಲು ಕೂತೆ. ಮರಿಯ ಸ್ವಭಾವ ಅಳೆಯಲು ವೋಲ್‌ಹಾರ್ಡ್ ಅನ್ನುವ ನಾಯಿ ತರಬೇತುದಾರರು ಮಾಡಿದ ಪರೀಕ್ಷೆ ಒಂದಿದೆ. ಮರಿ ಹುಟ್ಟಿದ 49ನೇ ದಿನ, ಹತ್ತು ಬಾಬತ್ತು, ಒಂದರಿಂದ ಆರರವರೆಗೆ ಅಂಕ. ಆರು ಮರಿಗಳ ಮೇಲೆ ಹತ್ತನ್ನೂ ಮಾಡಲು ಹೋದೆ. ಏಳನೇ ಬಾಬತ್ತಿಗೆ ಬರುವ ಹೊತ್ತಿಗೆ ಮರಿಗಳು ನಿದ್ದೆಗೆ ಬಿದ್ದವು. ಹಾಳೆ ತುಂಬಾ ಅಂಕ ಇದ್ದವು, ಯಾವುದನ್ನು ತರಬೇಕು ಅನ್ನೋದೇ ಗೊತ್ತಾಗಲಿಲ್ಲ. ಕೊನೆಗೆ ಮೂರು ಮಾತ್ರ ಇಟ್ಟುಕೊಂಡೆ: ಒಂಟಿಯಾಗಿ ಬಿಡುವುದು, ತಟ್ಟೆ, ಅಂಗಾತ ಹಿಡಿಯುವುದು.

ಇವಕ್ಕಿಂತ ಮೊದಲು ತಾಯಿಯನ್ನು ನೋಡುತ್ತೇನೆ. ಕಟ್ಟಿಹಾಕಿದ ತಾಯಿ ಬೇಡ, ಬಿಟ್ಟ ತಾಯಿ. ಹೊಸಬರನ್ನು ಕಂಡು ಬೊಗಳಲಿ, ಅದು ತಪ್ಪಲ್ಲ. ಆದರೆ ಮನೆಯವರೇ ಮರಿ ಎತ್ತಿದರೂ ನಡುಗುವ ತಾಯಿ, ಇಲ್ಲಾ ಮೈಮೇಲೆ ಬೀಳುವ ತಾಯಿ ಆದರೆ ಅಲ್ಲಿಂದಲೇ ವಾಪಸ್. ಹೆದರಿಕೆ ರಕ್ತದಲ್ಲೂ ಬರುತ್ತದೆ, ತಾಯಿಯನ್ನು ನೋಡಿಯೂ ಬರುತ್ತದೆ.

ಒಂದೇ ಸಲ ಹೋಗಿ ಆರಿಸುವುದು ದೊಡ್ಡ ತಪ್ಪು. ನಾನು ಮೂರು ಸಲ ಹೋಗುತ್ತೇನೆ. ಐದನೇ ವಾರ ಒಮ್ಮೆ ಸುಮ್ನೆ ನೋಡಲು. 49ನೇ ದಿನದ ಸುಮಾರಿಗೆ ಪರೀಕ್ಷೆಗೆ. ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಅದೇ ಪರೀಕ್ಷೆ. ಮನೆಗೆ ತರುವುದು 8 ವಾರ ತುಂಬಿದ ಮೇಲೆ. 2017ರ ಕೇಂದ್ರದ ನಿಯಮದ ಪ್ರಕಾರವೂ ಅದಕ್ಕಿಂತ ಚಿಕ್ಕ ಮರಿ ಮಾರುವಂತಿಲ್ಲ.

ಹೊತ್ತು ನೋಡದೆ ನಾನು ಕೆಟ್ಟಿದ್ದೇನೆ. ಒಮ್ಮೆ ಹನ್ನೊಂದು ಗಂಟೆಗೆ ಹೋದೆ. ಮರಿಗಳು ರಾಗಿ ಗಂಜಿ ಕುಡಿದು ಮಲಗಿದ್ದವು. ಎಲ್ಲವೂ ಚಿನ್ನದಂಥ ಮರಿಗಳು ಅನ್ನಿಸಿತು. ಅದೇ ಮರಿಗಳನ್ನು ಇನ್ನೊಂದು ದಿನ ಬೆಳಗ್ಗೆ ಆರೂವರೆಗೆ, ಖಾಲಿ ಹೊಟ್ಟೆಯಲ್ಲಿ ನೋಡಿದೆ. ಒಂದಕ್ಕೊಂದು ಕಿವಿ ಕಚ್ಚಿಕೊಂಡು ರಾದ್ಧಾಂತ. ಈಗ ಗಂಜಿ ಕುಡಿದು ಎರಡು ಗಂಟೆಯಾಗಿ, ನಿದ್ದೆ ಮಾಡಿ ಎದ್ದು, ಉಚ್ಚೆ ಹೊಯ್ದ ಮೇಲೆ ಶುರು ಮಾಡುತ್ತೇನೆ.

ಮರಿಯನ್ನು ಅದು ನೋಡದ ಜಾಗಕ್ಕೆ ಒಂದೊಂದಾಗಿ ಒಯ್ಯಬೇಕು. ಮನೆಯವರು ಕಣ್ಣಿಗೆ ಬೀಳಬಾರದು. ಗುಂಪಿನಲ್ಲಿ ರಾಜನ ಹಾಗಿದ್ದ ಮರಿ ಒಂಟಿಯಾದ ಕೂಡಲೇ ಕುಯ್ಯೋ ಅನ್ನುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸ್ವಲ್ಪ ಹೊತ್ತು ಅತ್ತು, ಆಮೇಲೆ ನೆಲ ಮೂಸಲು ಶುರು ಮಾಡಿದರೆ ನನಗೆ ಸಾಕು.

ಇನ್ನು ತಟ್ಟೆ. ಸ್ಟೀಲಿನ ಊಟದ ತಟ್ಟೆ, ಸೊಂಟದ ಎತ್ತರದಿಂದ, ಮರಿಯಿಂದ ಆರಡಿ ಹಿಂದೆ. ನಮ್ಮ ತೋಟದಲ್ಲಿ ಗೊನೆ ಬೀಳುವ ಸದ್ದಿನಿಂದಲೇ ಇದನ್ನು ಇಷ್ಟು ದೊಡ್ಡದಾಗಿ ತೆಗೆದುಕೊಂಡಿದ್ದು. ಮರಿ ಬೆಚ್ಚಿಬೀಳುತ್ತದೆ, ಬೀಳಲಿ. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಚ್ಚಿದ ಮೇಲೆ ತಿರುಗಿ ಬಂದು ತಟ್ಟೆ ಮೂಸಲು ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ಮನಸ್ಸಿನಲ್ಲೇ ಎಣಿಸುತ್ತೇನೆ. ಹತ್ತು ಎಣಿಸುವುದರೊಳಗೆ ಬಂದರೆ ಬಹಳ ಒಳ್ಳೇದು. ಮೂವತ್ತಕ್ಕೆ ಬಂದರೂ ಪರವಾಗಿಲ್ಲ. ಒಂದು ನಿಮಿಷವಾದರೂ ಗೋಡೆಗೆ ಅಂಟಿಕೊಂಡಿದ್ದರೆ ತೋಟದ ಮನೆಗೆ ಆಗುವುದಿಲ್ಲ. ಬೆಚ್ಚಲೇ ಇಲ್ಲ ಅಂದರೆ ಧೈರ್ಯಶಾಲಿ ಅಂತ ಹಿಗ್ಗಬೇಡಿ, ಕಿವಿ ನೋಡಿ. ಪೂರ್ತಿ ಬಿಳಿ ಮರಿಗಳಲ್ಲಿ ಹುಟ್ಟು ಕಿವುಡು ಜಾಸ್ತಿ.

ಮೂರನೆಯದು, ತೊಡೆಯ ಮೇಲೆ ಅಂಗಾತ ಮಲಗಿಸಿ ಎದೆ ಮೇಲೆ ಕೈ ಇಟ್ಟು ಅರ್ಧ ನಿಮಿಷ. ಒದ್ದಾಡಿ, ಆಮೇಲೆ ಸುಮ್ಮನಾಗುವ ಮರಿ ನನಗೆ ಬೇಕಾದದ್ದು. ಕೊನೆವರೆಗೂ ಕಚ್ಚುತ್ತಾ ಇದ್ದರೆ ಮಕ್ಕಳಿರುವ ಮನೆಗೆ ಕೊಡುವುದಿಲ್ಲ. ಒದ್ದಾಡದೆ ಬಾಲ ಮುದುರಿಕೊಂಡು ಮೆತ್ತಗೆ ಬಿದ್ದಿದ್ದರೆ ಅದು ಸಾಧುತನ ಅಲ್ಲ, ಹೆದರಿಕೆ. ಇಲ್ಲಾ ಜ್ವರ. ಕೈ ಬಿಟ್ಟ ಮೇಲೆ ನನ್ನ ಹತ್ತಿರ ಮತ್ತೆ ಬರುತ್ತದಾ ಅನ್ನುವುದನ್ನು ಎಲ್ಲಕ್ಕಿಂತ ಜಾಸ್ತಿ ನೋಡುತ್ತೇನೆ. ಸಿಟ್ಟು ಇಟ್ಟುಕೊಳ್ಳದ ಮರಿ ಮನೆಯಲ್ಲಿ ತುಂಬಾ ಚೆನ್ನಾಗಿ ಬೆಳೆಯುತ್ತದೆ.

  

ನಮ್ಮ ಸೋದರಮಾವ ಕತ್ತಿನ ಚರ್ಮ ಹಿಡಿದು ಎತ್ತಿ, ಅಳದಿದ್ದರೆ ಗಟ್ಟಿ ನಾಯಿ ಅನ್ನುತ್ತಾರೆ. ಬಾಯಿ ಒಳಗೆ ಕಪ್ಪಿದೆಯಾ ನೋಡುತ್ತಾರೆ. ನಾನು ಅದನ್ನೂ ನಾಲ್ಕೈದು ಸಲ ಬರೆದಿಟ್ಟುಕೊಂಡೆ. ಅದಕ್ಕೂ ನಾಯಿ ದೊಡ್ಡದಾದ ಮೇಲಿನ ಸ್ವಭಾವಕ್ಕೂ ಸಂಬಂಧವೇ ಕಾಣಲಿಲ್ಲ. ಪಶುವೈದ್ಯರ ಮಾತು ಬೇರೆ. ಮರಿಯಲ್ಲಿ ಕಂಡದ್ದು ದೊಡ್ಡದಾದ ಮೇಲೆ ಹಾಗೇ ಇರುವುದಿಲ್ಲ, ಸಾಕಿದ ರೀತಿಯೇ ಮುಖ್ಯ ಅಂದರು. ಅದು ನಿಜ. ಹಾಗಂತಲೇ ನಾನು ಭವಿಷ್ಯ ಹೇಳಲು ಹೋಗುವುದಿಲ್ಲ. ಎರಡು ತುದಿಯ ಮರಿಗಳನ್ನು ಬಿಡುತ್ತೇನೆ, ನಡುವಿನವುಗಳಲ್ಲಿ ಒಂದನ್ನು ತರುತ್ತೇನೆ.

ಕೋಳಿಯ ವಿಷಯಕ್ಕೆ ಮಾತ್ರ ದಾರಿ ಸಿಕ್ಕಿಲ್ಲ. ಮಂಕರಿ ಕೆಳಗೆ ಕೋಳಿಯ ಹೂಮರಿ ಇಟ್ಟು ಎರಡು ಸೂಲಿನ ನಾಯಿಮರಿಗಳನ್ನು ಬಿಟ್ಟು ನೋಡಿದೆ. 50ನೇ ದಿನ ತಿರುಗಿಯೂ ನೋಡದ ಮರಿ ಎಂಟು ತಿಂಗಳಿಗೆ ಹುಂಜವನ್ನು ಅಟ್ಟಾಡಿಸಿತು. ಆ ಪ್ರಯೋಗ ಕೈಬಿಟ್ಟೆ. ಚಿಕ್ಕಂದಿನಿಂದ ಕೋಳಿ ಜೊತೆಗೇ ಬೆಳೆಸುತ್ತೇನೆ, ಅಷ್ಟೆ.

ತಪ್ಪಿದ ಎರಡರಲ್ಲಿ ಒಂದು ನನ್ನ ಅವಸರದಿಂದ ಆದದ್ದು. ಒಂಬತ್ತು ವಾರದ ಮರಿಗೆ ತಟ್ಟೆ ಬಿಟ್ಟು, ಪುಕ್ಕಲು ಅಂತ ಬೇಡ ಅಂದೆ. ಎಂಟರಿಂದ ಹತ್ತು ವಾರದ ಹೊತ್ತಿಗೆ ಧೈರ್ಯದ ಮರಿಯೂ ಹೆದರುವ ಕಾಲ ಒಂದು ಬರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಅದನ್ನು ಬೇರೆಯವರು ಒಯ್ದರು, ಈಗ ಅದಕ್ಕಿಂತ ಗಟ್ಟಿ ನಾಯಿ ಅವರ ಊರಲ್ಲೇ ಇಲ್ಲ.

ಇದಲ್ಲದೆ ಬೇರೊಂದು ತಪ್ಪನ್ನೂ ಹೇಳಲೇಬೇಕು. ಒಂದೇ ದಿನ ಮೂರು ಮನೆ ಸುತ್ತಿದ್ದೆ. ಐದಾರು ದಿನಕ್ಕೆ ಮೂರನೇ ಮನೆಯ ಮರಿಗಳಿಗೆ ಪಾರ್ವೋ ಅನ್ನುವ ವಾಂತಿ-ಭೇದಿಯ ಅಂಟುರೋಗ. ನನ್ನ ಚಪ್ಪಲಿಯಲ್ಲೇ ಹೋಯಿತೋ ಏನೋ. ಡ್ರಿಪ್ ಖರ್ಚಿಗೆ 3,500 ಕೊಟ್ಟೆ, ಎರಡು ಮರಿ ಉಳಿಯಲಿಲ್ಲ. ಪಾರ್ವೋ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಫಿನಾಯಿಲ್‌ಗೆ ಸಾಯುವುದಿಲ್ಲ, ಬ್ಲೀಚಿಂಗ್ ನೀರೇ ಆಗಬೇಕು. ಈಗ ದಿನಕ್ಕೆ ಒಂದೇ ಮನೆ. ಚಪ್ಪಲಿ ಗೇಟಿನ ಹೊರಗೆ.

ಈಗ ನಮ್ಮಲ್ಲಿರುವುದು ತಿಪಟೂರಿನ ಒಂದು ಮನೆಯಿಂದ 2021ರಲ್ಲಿ ತಂದ ನಾಟಿ ಹೆಣ್ಣು ನಾಯಿ. ಆ ಮನೆಯವರು ದುಡ್ಡು ತೆಗೆದುಕೊಳ್ಳಲಿಲ್ಲ, ಒಂದು ಚೀಲ ತೆಂಗಿನಕಾಯಿ ಕೊಟ್ಟೆ. ತಟ್ಟೆಗೆ ಎಂಟು ಎಣಿಸುವುದರಲ್ಲಿ ಬಂದಿತ್ತು. ಗೊನೆ ಬಿದ್ದರೆ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ. ರಾತ್ರಿ ಮಾತ್ರ ಒಳಗೇ ಇರಿಸುತ್ತೇವೆ. ನಮ್ಮ ಕಡೆ ಚಿರತೆ ಓಡಾಡುತ್ತದೆ, ಅದರ ಮುಂದೆ ಯಾವ ಧೈರ್ಯವೂ ನಡೆಯುವುದಿಲ್ಲ.

ಹೋದ ತಿಂಗಳು ಶಿರಾ ಕಡೆ ಒಂದು ಮನೆಗೆ ಮಾವನನ್ನೂ ಕರೆದುಕೊಂಡು ಹೋಗಿದ್ದೆ. ಏಳು ಮರಿ, ನೋಡಲು ಒಂದಕ್ಕಿಂತ ಒಂದು ಚೆಂದ. ತಾಯಿ ಗೂಡಿನಿಂದ ಈಚೆಗೇ ಬರಲಿಲ್ಲ. ತಟ್ಟೆ ಬಿದ್ದಾಗ ಐದು ಮರಿ ಗೋಡೆಗೆ ಅಂಟಿದವು, ಅಂಗಾತ ಹಿಡಿದಾಗ ಉಳಿದೆರಡು ಕೊನೆವರೆಗೂ ಕೈ ಕಚ್ಚಿದವು. 1,000 ಮುಂಗಡ ಕೊಟ್ಟಿದ್ದೆ, ಬಿಟ್ಟು ಬಂದೆ. ಬರುವಾಗ ಬೈಕಿನ ಹಿಂದೆ ಕೂತ ಮಾವ, 'ಆ ತಾಯಿ ನೋಡಿದಾಗಲೇ ನನಗೂ ಅನ್ನಿಸ್ತು ಕಣಪ್ಪ' ಅಂದರು.